ಹೊಳೆಯುವ ನೆಲ ಯಾರಿಗೆ ಬೇಕು?

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಘಟನೆಯಿಂದ ಶುರು ಮಾಡುತ್ತೇನೆ. ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ತಪ್ಪು ನನ್ನದು.

ನಮ್ಮ ಮನೆ ಇರುವುದು ವಿಜಯನಗರದಲ್ಲಿ. ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಗಲ್ಲಿಯಲ್ಲಿ, ಮೊದಲ ಮಹಡಿ. ಒಂದು ಹಾಲ್, ಎರಡು ರೂಮು, ಅಡುಗೆಮನೆ. ಅಷ್ಟರಲ್ಲಿ ನಾವು ಎಂಟು ಜನ: ದಾದಿ, ಅಬ್ಬಾ, ಅಮ್ಮಿ, ಭಾಯಿಜಾನ್, ಭಾಭಿ, ನಾನು, ಅಣ್ಣನ ಮೂರು ವರ್ಷದ ಮಗ ಮತ್ತು ಹನ್ನೊಂದು ತಿಂಗಳ ಮಗಳು. ಹುಡುಗನನ್ನು ಮನೆಯಲ್ಲಿ ಮುನ್ನಾ ಅನ್ನುತ್ತೇವೆ, ಹುಡುಗಿಯನ್ನು ಗುಡಿಯಾ.

ಆ ಶುಕ್ರವಾರ ಅಸರ್ ನಮಾಝ್ ಆದ ಮೇಲೆ ಬರುತ್ತೇವೆ ಎಂದು ಫುಪ್ಪು ಮನೆಯವರು ಫೋನ್ ಮಾಡಿದರು. ಕೂಡಲೇ ಮನೆಯಲ್ಲಿ ಓಡಾಟ ಶುರುವಾಯಿತು. ಫುಪ್ಪು ಹಿಂದಿನ ಸಲ ಬಂದಾಗ ಹಾಲ್ ನೋಡಿ "ಯೇ ಘರ್ ಹೈ ಯಾ ಬಜಾರ್?" ಎಂದು ನಗುತ್ತಾ ಕೇಳಿದ್ದರು. ಇದು ಮನೆಯೋ ಸಂತೆಯೋ ಎಂದು. ನಾವೆಲ್ಲ ನಕ್ಕಿದ್ದೆವು. ಭಾಭಿ ಮಾತ್ರ ನಕ್ಕಿರಲಿಲ್ಲ. ಅವತ್ತು ಅವರು ಗುಡಿಯಾಳನ್ನು ಸೊಂಟದ ಮೇಲೆ ಇಟ್ಟುಕೊಂಡೇ ಗುಡಿಸಿ ಒರೆಸಲು ನಿಂತರು. ಫಿನಾಯಿಲ್ ಮುಗಿದಿತ್ತು, ನನ್ನನ್ನು ಕಳಿಸಿದರು. ಗಲ್ಲಿಯಲ್ಲಿ ಸೈಕಲ್ ಮೇಲೆ ಮಾರಿಕೊಂಡು ಬರುವವರ ಹತ್ತಿರ ನಾನು ಹಳೆಯ ಜ್ಯೂಸ್ ಬಾಟಲಿಯಲ್ಲಿ ಬಿಳಿ ಫಿನಾಯಿಲ್ ತುಂಬಿಸಿಕೊಂಡು ಬಂದೆ. ಅಷ್ಟರಲ್ಲಿ ಗೆಳೆಯನ ಫೋನ್ ಬಂತು. ಬಾಟಲಿಯನ್ನು ಹಾಲ್ ಬಾಗಿಲ ಪಕ್ಕ ನೆಲದ ಮೇಲೆ ಇಟ್ಟು ಮಾತಾಡುತ್ತಾ ಮೆಟ್ಟಿಲಿಳಿದೆ.

ಮುನ್ನಾ ಅದನ್ನು ಹಾಲು ಅಂದುಕೊಂಡ.

ಒಂದೇ ಗುಟುಕು. ಕೆಮ್ಮಿ, ಉಗಿದು, ಅಳತೊಡಗಿದ. ಭಾಭಿ ಅವನನ್ನು ಎತ್ತಿಕೊಂಡು ಆಟೋ ಹತ್ತಿದರು, ನಾನು ಹಿಂದೆ ಓಡಿದೆ. ಡಾಕ್ಟರ್ ಮೊದಲು ಕೇಳಿದ್ದು ಎರಡು ಪ್ರಶ್ನೆ: ಎಷ್ಟು ಕುಡಿದ, ವಾಂತಿ ಮಾಡಿಸಿದಿರಾ? ಮಾಡಿಸಿಲ್ಲ ಎಂದಾಗ, ಒಳ್ಳೆಯದಾಯಿತು, ಇಂಥದ್ದು ಕುಡಿದರೆ ವಾಂತಿ ಮಾಡಿಸಬಾರದು ಎಂದರು. ಮೂರನೆಯ ಪ್ರಶ್ನೆ ಬಾಟಲಿಯಲ್ಲಿ ಏನೇನು ಇತ್ತು ಎಂಬುದು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಲೇಬಲ್ ಮೇಲೆ ಮಾವಿನಹಣ್ಣಿನ ಚಿತ್ರವಿತ್ತು. ಆರು ಗಂಟೆ ಅಲ್ಲೇ ಇಟ್ಟುಕೊಂಡು ನೋಡಿ, ಏನೂ ಆಗಿಲ್ಲವೆಂದು ಮನೆಗೆ ಕಳಿಸಿದರು. ಅಲ್ಲಾಹನ ಕೃಪೆ.

ರಾತ್ರಿ ಮನೆಗೆ ಬಂದಾಗ ಫುಪ್ಪು ಕಾಯುತ್ತಾ ಕೂತಿದ್ದರು. ಹೆಗಲ ಮೇಲೆ ನಿದ್ದೆ ಹೋಗಿದ್ದ ಮಗುವನ್ನು ಹೊತ್ತು ಒಳಗೆ ಬಂದ ಭಾಭಿ ಅವರಿಗೆ ಹೇಳಿದ ಮೊದಲ ಮಾತು: "ಮಾಫ್ ಕರೋ ಫುಪ್ಪು, ಮನೆ ಅರ್ಧ ಒರೆಸಿ ಹಾಗೇ ಬಿಟ್ಟು ಹೋಗಿದ್ದೆ."

ಬಾಟಲಿ ನೆಲದ ಮೇಲೆ ಇಟ್ಟವನು ನಾನು. ಸಂತೆ ಎಂದವರು ಫುಪ್ಪು. ಕ್ಷಮೆ ಕೇಳಿದವರು ಭಾಭಿ. ಈ ಲೆಕ್ಕ ಸರಿಯಿಲ್ಲ ಎಂದು ಅವತ್ತು ನನಗೆ ಅನ್ನಿಸಿತು. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ. ಪುಟ್ಟ ಮಕ್ಕಳಿರುವ ಮನೆ ಮಕ್ಕಳಿಗೆ ತಕ್ಕಷ್ಟು ಶುಚಿಯಾಗಿದ್ದರೆ ಸಾಕು, ನೆಂಟರಿಗೆ ತಕ್ಕಷ್ಟು ಹೊಳೆಯಬೇಕಿಲ್ಲ. ಆ ಶುಚಿ ಕಾಪಾಡುವುದೂ ಒಬ್ಬರ ಕೆಲಸವಲ್ಲ.

ನಾನು ಕಾಮರ್ಸ್ ವಿದ್ಯಾರ್ಥಿ. ಭಾಭಿ ಬಿ.ಕಾಂ. ಓದಿದವರು, ಮುನ್ನಾ ಹುಟ್ಟುವವರೆಗೆ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದರು. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇದ್ದೇ ಇರಬೇಕು ಎಂಬುದನ್ನು ನನಗೆ ತಿಳಿಯುವ ಹಾಗೆ ಹೇಳಿಕೊಟ್ಟವರು ಅವರೇ. ಹಾಗಾಗಿ ಆ ಭಾನುವಾರ ನೋಟ್‌ಬುಕ್ ಹಿಡಿದು ಕೂತು, ಭಾಭಿಗೆ ಹೇಳದೆ ಅವರ ಕೆಲಸ ಬರೆದುಕೊಂಡೆ. ನಮ್ಮ ಕಡೆ ಕಾವೇರಿ ನೀರು ದಿನ ಬಿಟ್ಟು ದಿನ, ಬೆಳಕು ಹರಿಯುವ ಮುಂಚೆ ಬರುತ್ತದೆ. ಆದ್ದರಿಂದ ದಿನ ಶುರುವಾದದ್ದು ಫಜರ್‌ಗಿಂತ ಮೊದಲು, ಡ್ರಮ್ ತುಂಬಿಸುವುದರಿಂದ. ಮುಗಿದದ್ದು ರಾತ್ರಿ ಹನ್ನೊಂದಕ್ಕೆ. ನಡುವೆ ಹಾಲ್ ನೆಲ ಒರೆಸಿದ್ದು ಐದು ಸಲ: ಒಮ್ಮೆ ಹಾಲು ಚೆಲ್ಲಿತು, ಒಮ್ಮೆ ಮೂತ್ರ, ಒಮ್ಮೆ ಗುಡಿಯಾ ತನ್ನ ರಾಗಿ ಸರಿಯ ಬಟ್ಟಲು ಮಗುಚಿದಳು. ಆಟಿಕೆ ಎತ್ತಿಟ್ಟಿದ್ದು ಹನ್ನೊಂದು ಸಲ. ಬಟ್ಟೆ ಬದಲಿಸಿದ್ದು ಏಳು ಸಲ. ಮಡಚಿಟ್ಟ ಬಟ್ಟೆಯ ರಾಶಿಯನ್ನು ಮುನ್ನಾ ಎರಡು ಸಲ ಬೀಳಿಸಿದ, ಭಾಭಿ ಎರಡು ಸಲ ಮತ್ತೆ ಮಡಚಿದರು. ಅವರು ಕೂತು ಊಟ ಮಾಡಿದ್ದು ಮಧ್ಯಾಹ್ನ ಮೂರು ಇಪ್ಪತ್ತಕ್ಕೆ. ಅದೇ ಪುಟದಲ್ಲಿ ನನ್ನ ಹೆಸರಿನ ಕೆಳಗೆ ಒಂದೇ ಒಂದು ನಮೂದು ಇತ್ತು: ತಿಂದ ತಟ್ಟೆ ಸಿಂಕಿನಲ್ಲಿ ಇಟ್ಟೆ.

ರಾತ್ರಿ ನೋಡಿದರೆ ಹಾಲ್ ಬೆಳಗ್ಗೆ ಹೇಗಿತ್ತೋ ಹಾಗೇ ಇತ್ತು. ಹೊರಗಿನಿಂದ ಬಂದವರು "ಇಡೀ ದಿನ ಏನು ಮಾಡಿದೆ?" ಎಂದು ಕೇಳುವುದು ಇದಕ್ಕೇ. ಇಂಥ ಮನೆಯಲ್ಲಿ ಮಾಡಿದ ಕೆಲಸ ಕಣ್ಣಿಗೆ ಬೀಳುವುದಿಲ್ಲ, ಮಾಡದೆ ಬಿಟ್ಟದ್ದು ಮಾತ್ರ ಬೀಳುತ್ತದೆ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಕೇಂದ್ರ ಸರ್ಕಾರ 2019ರಲ್ಲಿ ದೇಶದ ಜನ ತಮ್ಮ ಸಮಯವನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾರೆ, ಮಾಡುವ ಗಂಡಸರು 97 ನಿಮಿಷ ಎಂದು ಅದರಲ್ಲಿ ಬಂತು. 'ಮಾಡುವ ಗಂಡಸರು' ಎಂಬ ಮಾತನ್ನು ಗಮನಿಸಿ. ದಿನವೊಂದರಲ್ಲಿ ಇಂಥ ಕೆಲಸಕ್ಕೆ ಕೈಹಾಕಿದ ಮಹಿಳೆಯರು ಶೇ. 81.2, ಗಂಡಸರು ಶೇ. 26.1. ಅಂದರೆ ನೂರರಲ್ಲಿ ಸುಮಾರು ಎಪ್ಪತ್ತನಾಲ್ಕು ಗಂಡಸರು ಆ ದಿನ ಪೊರಕೆಯನ್ನಾಗಲಿ ಪಾತ್ರೆಯನ್ನಾಗಲಿ ಮುಟ್ಟಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ಸಮಯ ಇದರಲ್ಲಿ ಸೇರಿಲ್ಲ, ಅದರ ಲೆಕ್ಕವೇ ಬೇರೆ. 2024ರಲ್ಲಿ ಮತ್ತೆ ಸಮೀಕ್ಷೆ ನಡೆದಾಗ ಮಹಿಳೆಯರದು 289 ನಿಮಿಷಕ್ಕೆ ಇಳಿದಿತ್ತು, ಗಂಡಸರದು 88ಕ್ಕೆ. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು. ಗಂಡಸರು ತಮ್ಮದರಲ್ಲೂ ಒಂಬತ್ತು ನಿಮಿಷ ಉಳಿಸಿಕೊಂಡರು!

ನಮ್ಮ ದ್ವಿತೀಯ ಪಿಯುಸಿ ಅರ್ಥಶಾಸ್ತ್ರ ಪುಸ್ತಕದಲ್ಲಿ ರಾಷ್ಟ್ರೀಯ ಆದಾಯದ ಪಾಠವಿದೆ. ಗೃಹಿಣಿಯರು ಮನೆಯಲ್ಲಿ ಮಾಡುವ ಕೆಲಸಕ್ಕೆ ಹಣ ಕೊಡದ ಕಾರಣ ಅದು ಜಿಡಿಪಿಗೆ ಸೇರುವುದಿಲ್ಲ ಎಂದು ಅಲ್ಲಿ ಓದುತ್ತೇವೆ. ಪಿಗೂ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞರು ಇದರ ತಮಾಷೆಯನ್ನು ನೂರು ವರ್ಷದ ಹಿಂದೆಯೇ ತೋರಿಸಿದ್ದರು: ಒಬ್ಬ ತನ್ನ ಮನೆಗೆಲಸದವಳನ್ನು ಮದುವೆಯಾದರೆ ಆಕೆ ಅದೇ ಕೆಲಸ ಮಾಡಿದರೂ ದೇಶದ ಆದಾಯ ಕಡಿಮೆಯಾಗುತ್ತದೆ. ಪರೀಕ್ಷೆಗೆ ನಾವು ಇದನ್ನು ಬಾಯಿಪಾಠ ಮಾಡುತ್ತೇವೆ, ಪಕ್ಕದ ರೂಮಿನಲ್ಲಿ ನೆಲ ಒರೆಸುತ್ತಿರುವವರನ್ನು ನೋಡುವುದಿಲ್ಲ. ಕೋರ್ಟು ನೋಡಿದೆ. ಅಪಘಾತದಲ್ಲಿ ತೀರಿಕೊಂಡ ಒಬ್ಬ ಗೃಹಿಣಿಯ ಪರಿಹಾರದ ಪ್ರಕರಣದಲ್ಲಿ 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ನಮ್ಮ ಕರ್ನಾಟಕದವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್ ಅವರೂ ಆ ಪೀಠದಲ್ಲಿದ್ದರು. ಅದೇ 299 ನಿಮಿಷದ ಲೆಕ್ಕವನ್ನು ಎತ್ತಿ ಹೇಳಿ, ಗೃಹಿಣಿಯ ಕೆಲಸಕ್ಕೂ ಆದಾಯ ಕಟ್ಟಿ ಪರಿಹಾರ ಕೊಡಬೇಕು ಎಂಬುದನ್ನು ನ್ಯಾಯಮೂರ್ತಿ ಎನ್.ವಿ. ರಮಣ ಅವರು ವಿವರಿಸಿದರು. ತೀರಿಕೊಂಡ ಮೇಲೆ ಕೊಡುವ ಬೆಲೆಯನ್ನು ಬದುಕಿರುವಾಗ ಸ್ವಲ್ಪವಾದರೂ ಕೊಡಬಾರದೇ?

"ನಾವು ಮಕ್ಕಳನ್ನು ಸಾಕಲಿಲ್ಲವೇ? ನಮ್ಮ ಮನೆ ಕನ್ನಡಿ ಹಾಗೆ ಇರುತ್ತಿತ್ತು" ಎಂದು ಹಿರಿಯರು ಹೇಳುವುದುಂಟು. ನಾನು ಇದನ್ನು ದಾದಿಯನ್ನೇ ಕೇಳಿದೆ. ಅವರು ಚನ್ನಪಟ್ಟಣದ ಕೂಡು ಕುಟುಂಬದಲ್ಲಿ ಐದು ಮಕ್ಕಳನ್ನು ಸಾಕಿದವರು. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ನಾವು ಮೂರು ಜನ ಸೊಸೆಯಂದಿರು, ಮೇಲೆ ಅತ್ತೆ. ಒಬ್ಬಳು ಗುಡಿಸುವಾಗ ಇನ್ನೊಬ್ಬಳು ಮಗು ಹಿಡಿಯುತ್ತಿದ್ದಳು. ಮಕ್ಕಳು ಇಡೀ ದಿನ ಅಂಗಳದಲ್ಲಿ ಇರುತ್ತಿದ್ದವು. ಮಂಚದ ಕೆಳಗೆ ಯಾರು ಬಗ್ಗಿ ನೋಡುತ್ತಿದ್ದರು?" ಅಂಗಳವಿಲ್ಲದ ಮೊದಲ ಮಹಡಿಯಲ್ಲಿ, ಆ ನಾಲ್ಕು ಹೆಂಗಸರ ಕೆಲಸವನ್ನು ಈಗ ಒಬ್ಬರಿಂದ ಕೇಳುತ್ತಿದ್ದೇವೆ. ಅಮ್ಮಿಗೆ ಮಂಡಿ ನೋವು, ಅವರು ಅಡುಗೆ ನೋಡಿಕೊಳ್ಳುತ್ತಾರೆ. ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಹೇಳಿತು. ಒಳ್ಳೆಯ ಯೋಜನೆ. ಅಂಥದ್ದು ನಮ್ಮ ಗಲ್ಲಿಯಲ್ಲೂ ಇದ್ದರೆ ಭಾಭಿ ಮತ್ತೆ ಆಫೀಸಿಗೆ ಹೋಗಬಹುದಿತ್ತು.

ಇನ್ನು ದೀನ್‌ನ ಮಾತು. ತಹಾರತ್ ಈಮಾನಿನ ಭಾಗ ಎಂದು ನಾವೆಲ್ಲ ಕಲಿತಿದ್ದೇವೆ. ಅದು ನಿಜ. ಆದರೆ ನಮ್ಮ ಮನೆಮಾತಿನಲ್ಲಿ 'ಪಾಕ್' ಮತ್ತು 'ಸಾಫ್' ಎಂದು ಎರಡು ಪದಗಳಿವೆ. ಮೂತ್ರ ಬಿದ್ದ ಜಾಗ ತೊಳೆಯುವವರೆಗೆ ಪಾಕ್ ಅಲ್ಲ, ಅದನ್ನು ತಡಮಾಡದೆ ತೊಳೆಯಬೇಕು. ಹಾಲ್ ತುಂಬ ಹರಡಿದ ಆಟಿಕೆ, ಗೋಡೆ ಮೇಲಿನ ಪೆನ್ಸಿಲ್ ಗೀಟು, ಸೋಫಾ ಮೇಲಿನ ಬಟ್ಟೆ ರಾಶಿ ಸಾಫ್ ಅಲ್ಲದಿರಬಹುದು, ಆದರೆ ನಾಪಾಕ್ ಅಲ್ಲ. ದೀನ್ ಕೇಳುವುದು ಪಾಕ್. ಫುಪ್ಪು ಕೇಳುವುದು ಫಳಫಳ. ಎರಡನ್ನೂ ಒಂದೇ ಮಾಡಿ ಹೆಂಗಸರ ತಲೆ ಮೇಲೆ ಹೊರಿಸಿದ್ದೇವೆ.

ಪ್ರವಾದಿ ಸಲ್ಲಲ್ಲಾಹು ಅಲೈಹಿ ವಸಲ್ಲಮ್ ಅವರ ಮಡಿಲಲ್ಲಿ ಒಂದು ಹಸುಗೂಸು ಮೂತ್ರ ಮಾಡಿದಾಗ ಅವರು ಯಾರನ್ನೂ ಗದರಲಿಲ್ಲ, ನೀರು ತರಿಸಿ ಹಾಕಿಕೊಂಡರು. ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ಮಾಡಿದರು. ಮನೆಯಲ್ಲಿರುವಾಗ ಅವರು ಏನು ಮಾಡುತ್ತಿದ್ದರು ಎಂದು ಕೇಳಿದ್ದಕ್ಕೆ, ಮನೆಯವರ ಕೆಲಸದಲ್ಲಿ ಇರುತ್ತಿದ್ದರು, ನಮಾಝ್ ಸಮಯವಾದಾಗ ಎದ್ದು ಹೋಗುತ್ತಿದ್ದರು ಎಂದು ಹಝ್ರತ್ ಆಯಿಶಾ ಹೇಳಿದ್ದಾರೆ. ಸುನ್ನತ್ ಎಂದು ಮಿಸ್ವಾಕ್ ಜೇಬಿನಲ್ಲಿಟ್ಟುಕೊಳ್ಳುವ ನಾವು ಹುಡುಗರು ಈ ಸುನ್ನತ್ ಯಾಕೆ ಬಿಟ್ಟಿದ್ದೇವೆ?

ಹಾಗಾದರೆ ಏನು ಮಾಡಬೇಕು? ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದನ್ನೇ ಹೇಳುತ್ತೇನೆ.

ಮೊದಲನೆಯದಾಗಿ, ಯಾವುದು ಈಗಲೇ ಆಗಬೇಕು, ಯಾವುದು ಕಾಯಬಹುದು ಎಂದು ಎಲ್ಲರೂ ಕೂತು ನಿರ್ಧರಿಸಿದೆವು. ಗುಡಿಯಾ ಅಂಬೆಗಾಲಿಡುವ ನೆಲ, ಮಕ್ಕಳ ಕೈ, ಹಾಲಿನ ಬಾಟಲಿ, ಅಡುಗೆಕಟ್ಟೆ, ಬಚ್ಚಲು ಕಾಯುವುದಿಲ್ಲ. ನೆಲದ ಮೇಲೆ ಬಿದ್ದ ನಾಣ್ಯ, ಗುಂಡಿ, ರಿಮೋಟಿನ ಸಣ್ಣ ಬ್ಯಾಟರಿ, ಕಡಲೆಬೀಜ ಒಂದು ನಿಮಿಷವೂ ಕಾಯುವುದಿಲ್ಲ, ಅವು ನೇರ ಬಾಯಿಗೆ ಹೋಗುತ್ತವೆ. ಆಟಿಕೆ, ಮಡಚುವ ಬಟ್ಟೆ, ಶೋಕೇಸ್ ಧೂಳು ಕಾಯುತ್ತವೆ. ಆಟಿಕೆಗಳನ್ನು ದಿನಕ್ಕೆ ಒಂದೇ ಸಲ, ಮಲಗುವ ಮುಂಚೆ ಒಂದು ಬುಟ್ಟಿಗೆ ಹಾಕುತ್ತೇವೆ. ಮುನ್ನಾನೂ ಹಾಕುತ್ತಾನೆ, ಅರ್ಧ ಹೊರಗೆ ಹಾಕುತ್ತಾನೆ.

ಎರಡನೆಯದು, ಬಿಡಿ ಫಿನಾಯಿಲ್ ಮತ್ತು ಆಸಿಡ್ ನಮ್ಮ ಮನೆಗೆ ಬರುವುದಿಲ್ಲ. ಕಂಪನಿ ಲೇಬಲ್ ಇರುವ ಬಾಟಲಿ ಮಾತ್ರ, ಅದೂ ಚಿಲಕವಿರುವ ಮೇಲಿನ ಕಪಾಟಿನಲ್ಲಿ. ಒರೆಸಿದ ಬಕೆಟ್ ನೀರನ್ನು ಕೂಡಲೇ ಚೆಲ್ಲುತ್ತೇವೆ. ಅಂಬೆಗಾಲಿಡುವ ಮಗುವಿಗೆ ಬಕೆಟಿನ ತಳದ ನಾಲ್ಕು ಬೆರಳು ನೀರೂ ಅಪಾಯ. ನೀರು ಹಿಡಿದಿಡುವ ನಮ್ಮಂಥ ಮನೆಗಳು ಇದನ್ನು ಮರೆಯಬಾರದು.

ಮೂರನೆಯದು ನನ್ನ ಪಾಲು. ಸಂಜೆ ಹಾಲ್ ಒರೆಸುವುದು, ಬೆಳಗ್ಗೆ ಕಸದ ಆಟೋಗೆ ಕಸ ಕೊಡುವುದು. ಹಸಿ ಕಸ, ಒಣ ಕಸ ಅಲ್ಲದೆ ಡೈಪರ್‌ಗಳನ್ನು ಪೇಪರಿನಲ್ಲಿ ಸುತ್ತಿ ಬೇರೆಯಾಗಿ ಕೊಡಬೇಕು ಎಂಬುದು ಹದಿನೇಳು ವರ್ಷ ಈ ಊರಿನಲ್ಲೇ ಬೆಳೆದ ನನಗೆ ಈಗ ಗೊತ್ತಾಯಿತು. ಭಾಯಿಜಾನ್ ರಾತ್ರಿ ಪಾತ್ರೆ ತೊಳೆಯುತ್ತಾರೆ. ಇದನ್ನು ನಾವು 'ಸಹಾಯ' ಅನ್ನುವುದಿಲ್ಲ. ಪಾಲುದಾರಿಕೆ ಸಂಸ್ಥೆಯ ಪಾಠ ಓದಿದವರಿಗೆ ಗೊತ್ತು, ಪಾಲುದಾರ ತನ್ನ ಅಂಗಡಿಗೆ ಸಹಾಯ ಮಾಡುವುದಿಲ್ಲ, ತನ್ನ ಕೆಲಸ ಮಾಡುತ್ತಾನೆ.

ಓದಿಗೆ ತೊಂದರೆಯಾಗುವುದಿಲ್ಲವೇ ಎಂದು ಗೆಳೆಯರು ಕೇಳಿದರು. ಹಾಲ್ ಒರೆಸಲು ನನಗೆ ಹನ್ನೆರಡು ನಿಮಿಷ ಬೇಕು. ನಮ್ಮ ಕ್ಲಾಸಿನ ಎಷ್ಟೋ ಹುಡುಗಿಯರು ಇದನ್ನೆಲ್ಲ ಮಾಡಿಯೇ ಕಾಲೇಜಿಗೆ ಬಂದು ನಮಗಿಂತ ಹೆಚ್ಚು ಅಂಕ ತೆಗೆಯುತ್ತಾರೆ. ಅವರನ್ನು ಯಾರೂ ಈ ಪ್ರಶ್ನೆ ಕೇಳಿಲ್ಲ.

ಕೊನೆಯದಾಗಿ, ನೆಂಟರಾಗಿ ಹೋಗುವಾಗಿನ ಮಾತು. ಪುಟ್ಟ ಮಕ್ಕಳಿರುವ ಮನೆಗೆ ಹೋದರೆ ನೆಲ ನೋಡಬೇಡಿ, ಮಗುವನ್ನು ಎತ್ತಿಕೊಳ್ಳಿ. ಹತ್ತು ನಿಮಿಷ ನೀವು ಮಗು ಹಿಡಿದರೆ ಆ ತಾಯಿ ಕೂತು ಬಿಸಿ ಚಹಾ ಕುಡಿಯುತ್ತಾಳೆ.

ಫುಪ್ಪು ಕಳೆದ ತಿಂಗಳು ಮತ್ತೆ ಬಂದಿದ್ದರು. ಮೊದಲೇ ಫೋನ್ ಮಾಡಿದ್ದರು. ಭಾಭಿ ಒಳಗಿನಿಂದ ಹಾಲ್ ಕಡೆ ಒಮ್ಮೆ ನೋಡಿ ಪೊರಕೆಗೆ ಕೈಹಾಕಿದರು, ಆಮೇಲೆ ಬಿಟ್ಟರು. ಫುಪ್ಪು ಬಂದು, ಬ್ಲಾಕ್‌ಗಳ ನಡುವೆ ಜಾಗ ಮಾಡಿಕೊಂಡು ನೆಲದ ಮೇಲೇ ಕೂತು, ಗುಡಿಯಾಳನ್ನು ಮಡಿಲಿಗೆ ತೆಗೆದುಕೊಂಡರು. ಮನೆಯ ಬಗ್ಗೆ ಏನೂ ಹೇಳಲಿಲ್ಲ. ಅವರು ಹೊರಟ ಮೇಲೆ ಹಾಲ್ ಒರೆಸಿದವನು ನಾನು.