ಪರೀಕ್ಷೆಯ ನಾಡಿನಿಂದ ಪರದೇಶಕ್ಕೆ

1872ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಶಾಂಘೈ ಬಂದರಿನಿಂದ ಮೂವತ್ತು ಮಂದಿ ಚೀನೀ ಬಾಲಕರು ವಿದ್ಯಾರ್ಜನೆಗಾಗಿ ಅಮೆರಿಕಕ್ಕೆ ಹಡಗೇರಿದರು. ಪರದೇಶದಲ್ಲಿ ಹುಡುಗನಿಗೆ ವ್ಯಾಧಿ ತಗುಲಿದರೂ, ಮರಣವೇ ಸಂಭವಿಸಿದರೂ ಸರ್ಕಾರವನ್ನು ಹೊಣೆ ಮಾಡುವುದಿಲ್ಲವೆಂದು ಅವರ ತಾಯ್ತಂದೆಯರು ಮೊದಲೇ ಮುಚ್ಚಳಿಕೆ ಬರೆದುಕೊಟ್ಟಿದ್ದರು. ಯೇಲ್ ವಿಶ್ವವಿದ್ಯಾಲಯದಿಂದ 1854ರಲ್ಲಿ ಪದವಿ ಪಡೆದು ಸ್ವದೇಶಕ್ಕೆ ಮರಳಿದ್ದ ಯುಂಗ್ ವಿಂಗ್ ಎಂಬಾತನು ವರ್ಷಗಟ್ಟಲೆ ಅಧಿಕಾರಿಗಳ ಬೆನ್ನುಹತ್ತಿ ಸಾಧಿಸಿದ ಯೋಜನೆ ಅದು. ಪ್ರಯಾಣ, ಊಟ, ಉಡುಪು, ಪಾಠ ಎಲ್ಲದರ ವೆಚ್ಚವೂ ಬೊಕ್ಕಸದ್ದು. ಆದರೂ ಕುಲೀನ ವಿದ್ವತ್ಕುಟುಂಬಗಳು ಮಕ್ಕಳನ್ನು ಕಳುಹಿಸಲೊಲ್ಲದೆ ಹೋದುದರಿಂದ, ಆತನು ತನ್ನ ಹುಟ್ಟುನಾಡಾದ ದಕ್ಷಿಣ ಕರಾವಳಿಯಲ್ಲಿಯೂ ಹಾಂಗ್‌ಕಾಂಗಿನ ಶಾಲೆಗಳಲ್ಲಿಯೂ ಹುಡುಗರನ್ನು ಅರಸಿ ಸಂಖ್ಯೆ ತುಂಬಿಸಬೇಕಾಯಿತು. ನಾಲ್ಕು ತಂಡಗಳಾಗಿ ಹೋದ 120 ಬಾಲಕರಲ್ಲಿ ಕೆಲವರು ಜಡೆ ಕತ್ತರಿಸಿಕೊಂಡರೆಂದೂ ಚರ್ಚಿಗೆ ಹೋಗತೊಡಗಿದರೆಂದೂ ದೂರುಗಳು ಅರಮನೆಯನ್ನು ಮುಟ್ಟಿದ ಮೇಲೆ, 1881ರಲ್ಲಿ ಅವರನ್ನು ವ್ಯಾಸಂಗದ ನಡುವೆಯೇ ಹಿಂದಕ್ಕೆ ಕರೆಸಿಕೊಳ್ಳಲಾಯಿತು.

ಅದೇ ಚೀನಾದಿಂದ 2019ರ ಒಂದೇ ವರ್ಷದಲ್ಲಿ ಏಳು ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳು ಹೊರದೇಶಗಳಿಗೆ ತೆರಳಿದರು. ಈಗ ಹಾಗೆ ಹೋಗುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ವೆಚ್ಚವನ್ನು ಹೊರುವವರು ಮನೆಯವರೇ. ಸರ್ಕಾರ ಹಣ ಕೊಟ್ಟಾಗ ಮಗನನ್ನು ಕಳುಹಿಸಲು ಹಿಂಜರಿದ ಸಮಾಜವು, ತನ್ನ ಹಣ ಸುರಿದು ಮಗಳನ್ನೂ ಮಗನನ್ನೂ ಕಳುಹಿಸಲು ಇಂದು ಹಾತೊರೆಯುತ್ತಿರುವುದೇಕೆ? ಪಾಶ್ಚಾತ್ಯ ವ್ಯಾಮೋಹ, ಹೊಸ ಸಿರಿವಂತರ ಪ್ರತಿಷ್ಠೆ ಎಂಬ ಉತ್ತರಗಳು ನಮ್ಮಲ್ಲಿ ಬಲು ಸುಲಭವಾಗಿ ಕೇಳಿಬರುತ್ತವೆ. ಅವು ಪೂರ್ತಿ ಸುಳ್ಳಲ್ಲ; ಆದರೆ ವ್ಯಾಮೋಹಕ್ಕಾಗಿ ಮನುಷ್ಯನು ಗಡಿಯಾರವನ್ನೋ ಮೋಟಾರುಗಾಡಿಯನ್ನೋ ಕೊಂಡಾನು, ಹೊತ್ತು ಹೆತ್ತ ಒಂದೇ ಮಗುವನ್ನು ಹದಿನಾರನೆಯ ವಯಸ್ಸಿನಲ್ಲಿ ಕಣ್ಣಿಂದ ದೂರ ಮಾಡಲಾರನು. ನನ್ನ ಮಟ್ಟಿಗೆ ಇದರ ಮೂಲ ಪರೀಕ್ಷೆಯಲ್ಲಿದೆ: ಅಂದು ಕುಲೀನರ ಮಕ್ಕಳನ್ನು ಮನೆಯಲ್ಲಿ ಹಿಡಿದಿಟ್ಟದ್ದೂ ಪರೀಕ್ಷೆಯೇ, ಇಂದು ಉಳ್ಳವರ ಮಕ್ಕಳನ್ನು ಹೊರಗಟ್ಟುತ್ತಿರುವುದೂ ಪರೀಕ್ಷೆಯೇ.

ಏಳನೆಯ ಶತಮಾನದ ಆರಂಭದಿಂದ 1905ರವರೆಗೆ, ಅಂದರೆ ಸುಮಾರು ಸಾವಿರದ ಮುನ್ನೂರು ವರ್ಷಗಳ ಕಾಲ, ಚೀನಾದಲ್ಲಿ ರಾಜಸೇವೆಗೆ ಪ್ರಧಾನವಾದ ದಾರಿ ಶಾಸ್ತ್ರಗ್ರಂಥಗಳ ಮೇಲಿನ ಲಿಖಿತ ಪರೀಕ್ಷೆಯದಾಗಿತ್ತು. ನಾನ್‌ಜಿಂಗ್ ನಗರದ ಪರೀಕ್ಷಾಮಂದಿರದಲ್ಲಿ ಇಪ್ಪತ್ತು ಸಾವಿರಕ್ಕೂ ಮೀರಿದ ಗೂಡುಗಳಿದ್ದವು. ಆಳೊಬ್ಬ ಕಾಲು ಚಾಚಲಾರದ ಆ ಗೂಡಿನಲ್ಲಿ ಎರಡು ಹಲಗೆಗಳು: ಹಗಲಿನಲ್ಲಿ ಒಂದು ಕೂರುವ ಪೀಠ, ಇನ್ನೊಂದು ಬರೆಯುವ ಮೇಜು; ರಾತ್ರಿ ಎರಡನ್ನೂ ಒಂದೇ ಮಟ್ಟಕ್ಕೆ ಸರಿಸಿದರೆ ಹಾಸಿಗೆ. ಕೈಬರಹದಿಂದ ಬರೆದವನ ಗುರುತು ಸಿಕ್ಕೀತೆಂದು ಉತ್ತರಪತ್ರಿಕೆಗಳನ್ನು ಲಿಪಿಕಾರರಿಂದ ನಕಲು ಮಾಡಿಸಿ ಪರೀಕ್ಷಕರಿಗೆ ಕೊಡುತ್ತಿದ್ದರು. ಬಡ ರೈತನ ಮಗನೂ ಮಂತ್ರಿಯಾಗಬಲ್ಲನೆಂಬ ನಂಬಿಕೆ ಆ ಜನರ ಮನಸ್ಸಿನಲ್ಲಿ ಬೇರೂರಿದ್ದು ಇಂತಹ ಏರ್ಪಾಡಿನಿಂದ. ಆ ನಂಬಿಕೆ ಕೈಗೂಡಿದ್ದು ಎಷ್ಟು ಮಂದಿಗೆಂಬುದು ಬೇರೆಯ ಮಾತು. ಅಮೆರಿಕದಲ್ಲಿ ಕಲಿತ ಬೀಜಗಣಿತಕ್ಕಾಗಲಿ ಉಗಿಯಂತ್ರಶಾಸ್ತ್ರಕ್ಕಾಗಲಿ ಆ ಪರೀಕ್ಷೆಯಲ್ಲಿ ಕವಡೆಯ ಬೆಲೆಯೂ ಇರಲಿಲ್ಲವಾದ್ದರಿಂದ, ಯುಂಗ್ ವಿಂಗ್‌ಗೆ ಬೆನ್ನು ತಿರುಗಿಸಿದ ಕುಲೀನರನ್ನು ಅವಿವೇಕಿಗಳೆಂದು ಹಳಿಯುವಂತಿಲ್ಲ.

ಹಳೆಯ ಪರೀಕ್ಷೆ ಹೋಯಿತು, ಅದರ ಸಂಸ್ಕಾರ ಹೋಗಲಿಲ್ಲ. ಸಾಂಸ್ಕೃತಿಕ ಕ್ರಾಂತಿಯ ಹತ್ತು ವರ್ಷಗಳಲ್ಲಿ ನಿಂತುಹೋಗಿದ್ದ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯು, ಅಂದರೆ ಗಾವೊಕಾವೊ, 1977ರ ಚಳಿಗಾಲದಲ್ಲಿ ಮರಳಿ ನಡೆದಾಗ, ಹೊಲಗಳಿಂದಲೂ ಕಾರ್ಖಾನೆಗಳಿಂದಲೂ ಎದ್ದು ಬಂದ ಸುಮಾರು 57 ಲಕ್ಷ ಮಂದಿ ಅದಕ್ಕೆ ಕುಳಿತು, 2 ಲಕ್ಷ 70 ಸಾವಿರದಷ್ಟು ಮಂದಿ ಪ್ರವೇಶ ಪಡೆದರು. ಆ ಗೆದ್ದವರ ತಲೆಮಾರೇ ಇಂದಿನ ಚೀನಾದ ಸುಶಿಕ್ಷಿತ ಮಧ್ಯಮವರ್ಗದ ಹಿರಿಯರು. ಒಂದು ಪರೀಕ್ಷೆ ಬಾಳನ್ನು ಹೇಗೆ ಎರಡಾಗಿ ಸೀಳಬಲ್ಲುದೆಂಬುದನ್ನು ಅವರು ಸ್ವಾನುಭವದಿಂದ ಬಲ್ಲರು. 2024ರಲ್ಲಿ ಅದಕ್ಕೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ. ಇವರಲ್ಲಿ ಬಹುಪಾಲು ಮಂದಿಗೆ ಯಾವುದಾದರೊಂದು ಕಾಲೇಜು ಸಿಕ್ಕೇ ಸಿಗುತ್ತದೆ. ಆದರೆ ಕೆಲಸ ಕೊಡುವವರು ಕಣ್ಣೆತ್ತಿ ನೋಡುವ 39 ಅಗ್ರಶ್ರೇಣಿಯ ವಿಶ್ವವಿದ್ಯಾಲಯಗಳಲ್ಲಿ ಸ್ಥಾನ ದೊರೆಯುವುದು ನೂರಕ್ಕೆ ಇಬ್ಬರ ಆಸುಪಾಸು.

ಅದರಲ್ಲಿಯೂ ಹುಟ್ಟೂರಿನ ಋಣವೊಂದು ಬೆನ್ನಿಗಂಟಿರುತ್ತದೆ. ಪ್ರತಿ ಪ್ರಾಂತ್ಯಕ್ಕೂ ವಿಶ್ವವಿದ್ಯಾಲಯಗಳು ಬೇರೆ ಬೇರೆ ಸ್ಥಾನಗಳನ್ನು ಗೊತ್ತುಮಾಡುತ್ತವೆ. 2024ರಲ್ಲಿ ಹೆನಾನ್ ಪ್ರಾಂತ್ಯ ಒಂದರಲ್ಲೇ 13 ಲಕ್ಷಕ್ಕೂ ಹೆಚ್ಚು ಪರೀಕ್ಷಾರ್ಥಿಗಳಿದ್ದರು. ಕೇಂದ್ರ ಸರ್ಕಾರವು ವಿಶೇಷ ಪೋಷಣೆಗೆ ಆರಿಸಿಕೊಂಡಿದ್ದ ನೂರಕ್ಕೂ ಮಿಕ್ಕ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಆ ಪ್ರಾಂತ್ಯಕ್ಕೆ ದಕ್ಕಿದ್ದು ಝೆಂಗ್‌ಝೌ ಒಂದೇ. ಬೀಜಿಂಗಿನಲ್ಲಿ ಪರೀಕ್ಷಾರ್ಥಿಗಳು ಒಂದು ಲಕ್ಷಕ್ಕೂ ಕಡಿಮೆ; ಉತ್ತಮೋತ್ತಮ ವಿಶ್ವವಿದ್ಯಾಲಯಗಳ ಸಾಲೇ ಅಲ್ಲಿದೆ. ಇನ್ನು ಹುಕೌ ಎಂಬ ಕುಟುಂಬ ನೋಂದಣಿಯ ಕಟ್ಟು ಉಂಟು: ಹೊರಪ್ರಾಂತ್ಯದಿಂದ ಬಂದು ರಾಜಧಾನಿಯಲ್ಲಿ ಇಪ್ಪತ್ತು ವರ್ಷ ವ್ಯಾಪಾರ ಮಾಡಿ ಹಣವಂತನಾದವನ ಮಗಳು, ಬೀಜಿಂಗಿನಲ್ಲೇ ಹುಟ್ಟಿ ಬೆಳೆದವಳಾದರೂ, ಆ ನೋಂದಣಿ ಇಲ್ಲದಿದ್ದರೆ ಸಾಮಾನ್ಯವಾಗಿ ತಂದೆಯ ಊರಿಗೆ ಹೋಗಿ ಅಲ್ಲಿಯ ಪಠ್ಯವನ್ನೋದಿ ಪರೀಕ್ಷೆ ಬರೆಯಬೇಕು. ಇಂತಹ ತಂದೆಗೆ ಹೆನಾನ್‌ಗಿಂತ ಮೆಲ್ಬರ್ನ್ ಹತ್ತಿರವೆಂದು ತೋರಿದರೆ ಸೋಜಿಗವೇನು?

ಆನ್‌ಹುಯಿ ಪ್ರಾಂತ್ಯದ ಬೆಟ್ಟಗಳ ನಡುವೆ ಮಾವೊತಾನ್‌ಚಾಂಗ್ ಎಂಬ ಪೇಟೆಯೊಂದಿದೆ. ಅಲ್ಲಿಯ ಶಾಲೆಯಲ್ಲಿ ಇಪ್ಪತ್ತು ಸಾವಿರದಷ್ಟು ಮಕ್ಕಳು, ಅನೇಕರು ಒಮ್ಮೆ ಸೋತು ಎರಡನೆಯ ಯತ್ನಕ್ಕೆ ಬಂದವರು, ಬೆಳಗಿನ ಜಾವದಿಂದ ರಾತ್ರಿ ಹತ್ತರ ಆಚೆಯವರೆಗೆ ಓದುತ್ತಾರೆ. ಅವರ ತಾಯಂದಿರು ಊರು, ಉದ್ಯೋಗ, ಗಂಡ ಎಲ್ಲವನ್ನೂ ಬಿಟ್ಟು ಶಾಲೆಯ ಸುತ್ತಲಿನ ಕೋಣೆಗಳನ್ನು ಬಾಡಿಗೆಗೆ ಹಿಡಿದು, ಹೊತ್ತುಹೊತ್ತಿಗೆ ಬಿಸಿಯಡಿಗೆ ಬಡಿಸುತ್ತ ವರ್ಷ ಕಳೆಯುತ್ತಾರೆ. ಶಾಲೆಯ ಬಳಿಯ ಮುದಿಮರವೊಂದಕ್ಕೆ ಧೂಪ ಹಚ್ಚಿ ಹರಕೆ ಹೊರುತ್ತಾರೆ. ಆ ಬೂದಿಯ ರಾಶಿ ಪರೀಕ್ಷೆ ಸಮೀಪಿಸಿದಂತೆ ಏರುತ್ತದೆ. ಜೂನ್ 7ರಂದು, ಚೀನಾದ ಊರೂರುಗಳಲ್ಲಿ, ತಾಯಂದಿರು ಜಯಸೂಚಕವೆಂದು ಕೆಂಪು ನಿಲುವಂಗಿ ತೊಟ್ಟು ಪರೀಕ್ಷಾಕೇಂದ್ರದ ಹೊರಗೆ ನಿಲ್ಲುತ್ತಾರೆ. ಸುತ್ತಣ ಬೀದಿಗಳಲ್ಲಿ ವಾಹನಗಳ ಹಾರ್ನ್ ನಿಲ್ಲುತ್ತದೆ, ಕಟ್ಟಡಗಳ ಕೆಲಸವೂ ನಿಲ್ಲುತ್ತದೆ. ಇಷ್ಟು ತಪಸ್ಸು ಮಾಡುವ ಜನರನ್ನು ಸ್ವದೇಶದ ವಿದ್ಯೆಯ ಬಗೆಗೆ ತಾತ್ಸಾರವುಳ್ಳವರೆಂದು ಹೇಗೆ ಕರೆಯುವುದು?

ಎಷ್ಟೇ ಕಠೋರವಾದರೂ ಗಾವೊಕಾವೊ ಚೀನಾದ ಸಾರ್ವಜನಿಕ ಜೀವನದಲ್ಲಿ ಶಿಫಾರಸು ಅತಿ ಕಡಿಮೆ ನಡೆಯುವ ಸ್ಥಳವೆಂಬುದನ್ನು ಒಪ್ಪಬೇಕು. ಬಡವನ ಮಗುವಿಗೆ ಅದನ್ನು ಬಿಟ್ಟರೆ ಮೇಲೇರುವ ಮೆಟ್ಟಿಲು ಮತ್ತೊಂದಿಲ್ಲ. ಹಾಗಿರುವಾಗ ಅದನ್ನು ತಪ್ಪಿಸಿಕೊಂಡು ಹೋಗುವವರು ಯಾರು? ಅತಿ ಬುದ್ಧಿವಂತರು ಪರೀಕ್ಷೆ ಗೆದ್ದು, ಮೊದಲ ಪದವಿಯನ್ನು ಅಲ್ಲೇ ಪಡೆದು, ಸಂಶೋಧನೆಗೆಂದು ಆಮೇಲೆ ಹೋಗುತ್ತಾರೆ. ಅದು ಎಲ್ಲ ದೇಶಗಳಲ್ಲಿಯೂ ಇರುವ ಸಂಗತಿ. ಎಳೆಯ ವಯಸ್ಸಿನಲ್ಲೇ ಹೊರಡುವ ಮಗು ಬಹುಮಟ್ಟಿಗೆ ನಡುಮಟ್ಟದ ಅಂಕಗಳ, ಮೇಲ್ಮಟ್ಟದ ವರಮಾನದ ಮನೆಯದು. ಹದಿನೈದನೆಯ ವಯಸ್ಸಿನ ಇನ್ನೊಂದು ಪರೀಕ್ಷೆಯಲ್ಲಿ ಹತ್ತರಲ್ಲಿ ನಾಲ್ಕೈದು ಮಕ್ಕಳು ವೃತ್ತಿಶಾಲೆಗಳ ದಾರಿ ಹಿಡಿಯಬೇಕಾಗುವುದರಿಂದ, ವೈದ್ಯನ ಮಗ ಫಿಟ್ಟರ್ ಆದಾನೆಂಬ ಭೀತಿ ಆ ಮನೆಗಳಲ್ಲಿ ಆಗಲೇ ತಲೆದೋರುತ್ತದೆ. ಕೈಕೆಲಸವನ್ನು ಕೀಳೆಂದು ಎಣಿಸುವ ಈ ರೋಗ ನಮಗೇನೂ ಅಪರಿಚಿತವಲ್ಲ. ಸುಮಾರು 1980ರಿಂದ 2015ರ ಕೊನೆಯವರೆಗೆ ನಡೆದ ಒಂದೇ ಮಗುವಿನ ಕಟ್ಟಳೆಯ ಫಲವಾಗಿ ಇಬ್ಬರು ತಾಯ್ತಂದೆಯರ, ನಾಲ್ವರು ಅಜ್ಜ-ಅಜ್ಜಿಯರ ಉಳಿತಾಯವೆಲ್ಲ ಒಂದೇ ತಲೆಯ ಮೇಲೆ ಬಂದು ಸೇರಿದೆ. ಅಗ್ಗದ ಕಾಲದಲ್ಲಿ ಕೊಂಡಿದ್ದ ಎರಡನೆಯ ಮನೆಯನ್ನು ಮಾರಿದರೂ ಆಯಿತು. ಮಗು ಒಮ್ಮೆ ವಿದೇಶೀ ಪಠ್ಯಕ್ರಮದ ತರಗತಿಗೆ ಸೇರಿತೆಂದರೆ ಗಾವೊಕಾವೊಗೆ ಮರಳುವ ಹಾದಿ ಮುಚ್ಚಿದಂತೆಯೇ. ಆಗ ವಿದೇಶಯಾನವು ಆಸೆಯಾಗಿ ಉಳಿಯದೆ ಅನಿವಾರ್ಯವಾಗಿಬಿಡುತ್ತದೆ.

ಚರಿತ್ರೆಯ ವ್ಯಂಗ್ಯವೊಂದನ್ನು ಇಲ್ಲಿ ಹೇಳದಿರಲಾರೆ. ಇಂದು ಚೀನಾದ ತಾಯ್ತಂದೆಯರೆಲ್ಲರ ಕನಸಾದ ತ್ಸಿಂಗ್‌ಹುವಾ ವಿಶ್ವವಿದ್ಯಾಲಯವು 1911ರಲ್ಲಿ ಹುಟ್ಟಿದ್ದು ಅಮೆರಿಕಕ್ಕೆ ಹೋಗುವ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವ ಶಾಲೆಯಾಗಿ. ಬಾಕ್ಸರ್ ದಂಗೆಯ ದಂಡವೆಂದು ಚೀನಾದಿಂದ ಕಿತ್ತುಕೊಂಡ ಹಣದಲ್ಲಿ ಅಮೆರಿಕವು ಹಿಂದಿರುಗಿಸಿದ ಭಾಗವೇ ಅದರ ಮೂಲಧನ. ಅಮೆರಿಕಕ್ಕೆ ಹೋಗಬೇಕಾದವರು ಅಂದು ತ್ಸಿಂಗ್‌ಹುವಾ ಸೇರುತ್ತಿದ್ದರು; ತ್ಸಿಂಗ್‌ಹುವಾ ಸೇರಲಾಗದವರು ಇಂದು ಅಮೆರಿಕಕ್ಕೆ ಹೋಗುತ್ತಿದ್ದಾರೆ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ 2019-20ರಲ್ಲಿ 3 ಲಕ್ಷ 72 ಸಾವಿರವಿದ್ದ ಚೀನೀ ವಿದ್ಯಾರ್ಥಿಗಳು 2023-24ರ ಹೊತ್ತಿಗೆ 2 ಲಕ್ಷ 77 ಸಾವಿರಕ್ಕಿಳಿದು, 3 ಲಕ್ಷ 31 ಸಾವಿರ ವಿದ್ಯಾರ್ಥಿಗಳ ಭಾರತ ಮೊದಲ ಸ್ಥಾನಕ್ಕೆ ಬಂದಿತು. ಹೆಮ್ಮೆ ಪಡುವ ಮುನ್ನ ನಾವು ಭೇದವನ್ನು ಗಮನಿಸಬೇಕು: ನಮ್ಮವರಲ್ಲಿ ಬಹುಪಾಲು ಮಂದಿ ಇಂಜಿನಿಯರಿಂಗ್ ಮುಗಿಸಿ, ಬ್ಯಾಂಕಿನ ಸಾಲ ಹೊತ್ತು, ಅಲ್ಲಿಯೇ ಉದ್ಯೋಗ ಹಿಡಿಯಲೆಂದು ಸ್ನಾತಕೋತ್ತರ ವ್ಯಾಸಂಗಕ್ಕೆ ಹೋಗುವವರು, ಮೊದಲ ಪದವಿಗೇ ಮನೆಯ ಗಂಟಿನಿಂದ ಹೋಗುವವರು ಚೀನೀಯರಲ್ಲಿ ಹೆಚ್ಚು. ಇತ್ತ ನಮ್ಮ ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕಕ್ಕೆ ಅಂಜಿದ ಭಾರತೀಯರ ಮಕ್ಕಳು ಡಾಕ್ಟರಿಕೆ ಕಲಿಯಲು ಚೀನಾಕ್ಕೇ ಹೋಗುತ್ತಿರುವುದನ್ನು ನೆನೆದರೆ, ಇಕ್ಕಟ್ಟು ಒಂದೇ ನಾಡಿನದಲ್ಲವೆಂದು ತಿಳಿಯುತ್ತದೆ.

ಬೀಜಿಂಗಿನ ಆಡಳಿತಕ್ಕೆ ಈ ಒತ್ತಡ ತಿಳಿಯದೇ ಇಲ್ಲ. ಶಾಲಾ ವಿಷಯಗಳಲ್ಲಿ ಲಾಭಕ್ಕಾಗಿ ಟ್ಯೂಷನ್ ನಡೆಸುವುದನ್ನು ಅದು 2021ರ ಜುಲೈಯಲ್ಲಿ ನಿಷೇಧಿಸಿತು. ವಿದೇಶಕ್ಕೆ ಹೋಗುವವರಿಗೆ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ ಪಾಠ ಕಲಿಸಿ ಬೆಳೆದ ನ್ಯೂ ಓರಿಯಂಟಲ್ ಸಂಸ್ಥೆಯ ಅಧ್ಯಾಪಕರು ಮರುವರ್ಷ ಅಂತರ್ಜಾಲದ ನೇರಪ್ರಸಾರದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಅಕ್ಕಿ, ಮಾಂಸ ಮಾರುವಂತಾಯಿತು. ಆದರೆ ಹಣವುಳ್ಳವರ ಮನೆಗೆ ಗುರುಗಳು ಗುಟ್ಟಾಗಿ ಬರುವುದು ತಪ್ಪಲಿಲ್ಲ. ಪಾಠದ ಬೆಲೆ ಮಾತ್ರ ಏರಿತು. ಹೊರಗೆ ಕಲಿತು ಬಂದವರಿಗೂ ಈಗ ಹಿಂದಿನ ಬೇಡಿಕೆಯಿಲ್ಲ. 2023ರ ಜೂನ್‌ನಲ್ಲಿ ನಗರಗಳ ಯುವಜನರಲ್ಲಿ ನಿರುದ್ಯೋಗ ಶೇಕಡ 21.3ಕ್ಕೆ ಏರಿದಾಗ ಸರ್ಕಾರ ಆ ಅಂಕಿಯ ಪ್ರಕಟಣೆಯನ್ನೇ ಕೆಲಕಾಲ ನಿಲ್ಲಿಸಿತು. 2025ರ ಕೇಂದ್ರ ಸರ್ಕಾರಿ ನೌಕರಿಗಳ ನೇಮಕಾತಿಯಲ್ಲಿ ಸುಮಾರು 39,700 ಹುದ್ದೆಗಳಿಗೆ 34 ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ಅರ್ಹತೆ ಪಡೆದರು. ಹೆನಾನ್‌ನಂತಹ ಪ್ರಾಂತ್ಯಗಳಿಗೆ ಉತ್ತಮ ವಿಶ್ವವಿದ್ಯಾಲಯಗಳನ್ನು ಕೊಡದೆ, ಹುಕೌ ಕಟ್ಟನ್ನು ಸಡಿಲಿಸದೆ, ವೃತ್ತಿಶಾಲೆಯಲ್ಲಿ ಕಲಿತವನಿಗೆ ಮಾನವನ್ನೂ ತಕ್ಕ ಸಂಬಳವನ್ನೂ ಒದಗಿಸದೆ ಹೊರಡಿಸುವ ಯಾವ ಆಜ್ಞೆಯೂ ಆ ತಾಯ್ತಂದೆಯರನ್ನು ತಡೆಯಲಾರದು; ಹಣವಿಲ್ಲದ ತಾಯ್ತಂದೆಯರ ಅವಸ್ಥೆಯನ್ನಂತೂ ಅದು ಕಿಂಚಿತ್ತೂ ಬದಲಿಸದು.