ಮನೆಯ ಕದ ಮುಚ್ಚಬಹುದು, ಕಚೇರಿಯದಲ್ಲ

ಹುಕ್ಕೇರಿ ತಾಲ್ಲೂಕಿನ ಕಣಗಲಾ ಗ್ರಾಮದ ನನ್ನ ಪರಿಚಿತರೊಬ್ಬರು ಈಚೆಗೆ ದೂರವಾಣಿ ಮಾಡಿದ್ದರು. ತಮ್ಮ ಓಣಿಗೆ ನೀರು ಬಾರದಿರುವ ಬಗ್ಗೆ ಅವರು ಸಾರ್ವಜನಿಕ ಕಚೇರಿಯೊಂದರ ಜಾಲತಾಣ ಖಾತೆಗೆ ನಾಲ್ಕಾರು ಬಾರಿ ಬರೆದಿದ್ದರು. ಕೊನೆಯ ಬಾರಿ ಮಾತು ತುಸು ಖಾರವಾಗಿತ್ತೆಂದು ಅವರೇ ಒಪ್ಪುತ್ತಾರೆ. ಮರುದಿನ ನೋಡಿದರೆ ಆ ಖಾತೆ ಅವರನ್ನು ‘ಬ್ಲಾಕ್’ ಮಾಡಿತ್ತು. ‘ಸಾಹೇಬ್ರ, ಕಚೇರಿ ಬಾಗಿಲಾಗ ನಿಂದ್ರಾಕೂ ಬಿಡಲಿಲ್ಲ ನೋಡ್ರಿ’ ಎಂದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ನಾನು ಸೇವೆಯಲ್ಲಿದ್ದಾಗ ಟಪಾಲಿನಲ್ಲಿ ಬಂದ ಪ್ರತಿಯೊಂದು ಕಾಗದಕ್ಕೂ ಒಂದು ಸಂಖ್ಯೆ ಬೀಳುತ್ತಿತ್ತು. ಬೈಗುಳ ತುಂಬಿದ ಅರ್ಜಿಗೂ ಸಂಖ್ಯೆ, ಸಹಿಯಿಲ್ಲದ ಮೂಗರ್ಜಿಗೂ ಸಂಖ್ಯೆ. ಹುರುಳಿಲ್ಲದ ಅರ್ಜಿಯ ಮೇಲೆ ಕ್ರಮ ಅಗತ್ಯವಿಲ್ಲವೆಂದು ಬರೆದು ಕಡತಕ್ಕೆ ಸೇರಿಸುವ ಅಧಿಕಾರ ನಮಗಿತ್ತು. ಆದರೆ ಅರ್ಜಿದಾರ ಇನ್ನು ಮುಂದೆ ಕಚೇರಿಯ ಮೆಟ್ಟಿಲು ಹತ್ತಕೂಡದೆಂದು ಆಜ್ಞಾಪಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಜಾಲತಾಣಗಳ ‘ಮ್ಯೂಟ್’ ಮೊದಲನೆಯದನ್ನು ಹೋಲುತ್ತದೆ, ‘ಬ್ಲಾಕ್’ ಎರಡನೆಯದನ್ನು. ಮ್ಯೂಟ್ ಮಾಡಿದರೆ ಒಬ್ಬರ ಬರಹ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅವರು ಬರೆಯುವುದಕ್ಕೆ ಅಡ್ಡಿಯೂ ಇಲ್ಲ. ಬ್ಲಾಕ್ ಮಾಡಿದರೆ ಮಾತಿನ ದಾರಿಯೇ ಮುಚ್ಚುತ್ತದೆ.

ಖಾಸಗಿ ವ್ಯಕ್ತಿಗಳಿಗೆ ಈ ಎರಡೂ ಸಾಧನಗಳು ಪೂರ್ಣವಾಗಿ ದೊರೆಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಸಂವಿಧಾನದ 19ನೇ ವಿಧಿ ಮಾತನಾಡುವ ಹಕ್ಕನ್ನು ಕೊಟ್ಟಿದೆಯೇ ಹೊರತು, ಮತ್ತೊಬ್ಬರ ಕಿವಿಯನ್ನು ಹಿಡಿದು ಕೇಳಿಸುವ ಹಕ್ಕನ್ನಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಬೆನ್ನು ಹತ್ತಿ ಪೀಡಿಸುವವನಿಂದ ತಪ್ಪಿಸಿಕೊಳ್ಳಬೇಕಾದ ಹೆಣ್ಣುಮಗಳಿಗೆ ಬ್ಲಾಕ್ ಎಂಬುದು ಮನೆಯ ಅಗುಳಿ ಇದ್ದಂತೆ. ಹಿಂದಿನ ಟ್ವಿಟರ್, ಅಂದರೆ ‘ಎಕ್ಸ್’, 2024ರ ನವೆಂಬರ್‌ನಲ್ಲಿ ನಿಯಮ ಬದಲಿಸಿ, ಬ್ಲಾಕ್ ಆದವರೂ ಸಾರ್ವಜನಿಕ ಬರಹಗಳನ್ನು ನೋಡಬಹುದೆಂದು ಮಾಡಿತು. ಅವರು ಉತ್ತರಿಸಲಾರರು, ಆದರೆ ಇಣುಕಬಲ್ಲರು. ಅಗುಳಿ ಹಾಕಿ ಕಿಟಕಿ ತೆರೆದಿಟ್ಟ ಈ ಕ್ರಮ ಸರಿಯಲ್ಲ.

ಸರ್ಕಾರಿ ಕಚೇರಿಯ ಖಾತೆಯ ಮಾತೇ ಬೇರೆ. ಒಬ್ಬನ ನಿರ್ಧಾರದ ವೆಚ್ಚವನ್ನು ಮತ್ತೊಬ್ಬ ಹೊರುವಂತಾದಾಗ ನಿಯಂತ್ರಣ ಅಗತ್ಯವೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ನಾನು ನೆರೆಯವರೊಬ್ಬರನ್ನು ಬ್ಲಾಕ್ ಮಾಡಿದರೆ ಅದರ ನಷ್ಟ ಹೆಚ್ಚೆಂದರೆ ಒಂದು ಸ್ನೇಹ. ಅಧಿಕಾರಿ ತನ್ನ ನೆಮ್ಮದಿಗಾಗಿ ಕಚೇರಿಯ ಖಾತೆಯಿಂದ ನಾಗರಿಕನನ್ನು ಬ್ಲಾಕ್ ಮಾಡಿದರೆ ನಷ್ಟ ಅನುಭವಿಸುವುದು ನೀರಿಲ್ಲದ ಓಣಿ.

ಈ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿತ್ತು. ಮಿಷಿಗನ್ ರಾಜ್ಯದ ಪೋರ್ಟ್ ಹ್ಯೂರಾನ್ ನಗರಾಡಳಿತದ ಅಧಿಕಾರಿಯೊಬ್ಬರು, ಕೋವಿಡ್ ನಿರ್ವಹಣೆಯನ್ನು ಟೀಕಿಸಿದ ನಿವಾಸಿಯನ್ನು ಫೇಸ್‌ಬುಕ್ಕಿನಲ್ಲಿ ಬ್ಲಾಕ್ ಮಾಡಿದ್ದರು. 2024ರ ಮಾರ್ಚ್‌ನಲ್ಲಿ ನ್ಯಾಯಾಲಯ ಒಮ್ಮತದಿಂದ ಒಂದು ಒರೆಗಲ್ಲನ್ನು ನೀಡಿತು: ಸರ್ಕಾರದ ಪರವಾಗಿ ಮಾತನಾಡುವ ಅಧಿಕಾರ ಆ ವ್ಯಕ್ತಿಗೆ ನಿಜವಾಗಿ ಇತ್ತೇ? ಆ ಬರಹದಲ್ಲಿ ಅದನ್ನು ಚಲಾಯಿಸಿದರೇ? ಎರಡಕ್ಕೂ ಉತ್ತರ ಹೌದಾದರೆ ಅದು ಸರ್ಕಾರದ ಕೃತ್ಯವೇ ಸರಿ. ಅಧಿಕಾರಿಯ ಮನೆಯ ಫೋಟೊಗಳಿಗೆ ಒಂದು ನ್ಯಾಯ, ಕಚೇರಿಯ ಪ್ರಕಟಣೆಗೆ ಇನ್ನೊಂದು ನ್ಯಾಯ. ನಮಗೂ ಇದು ಒಪ್ಪುವಂಥದ್ದು.

ನಿಂದನೆ, ವದಂತಿಗಳನ್ನು ಸಹಿಸಬೇಕೆ ಎಂದು ನನ್ನ ಕಿರಿಯ ಸಹೋದ್ಯೋಗಿಗಳು ಕೇಳಬಹುದು. ಕಣಗಲಾದಂಥ ಗಡಿಭಾಗದಲ್ಲಿ ಕನ್ನಡ, ಮರಾಠಿ ಎರಡೂ ಭಾಷೆಗಳ ಸಂದೇಶಗಳು ಒಂದೇ ಮೊಬೈಲಿಗೆ ಬರುತ್ತವೆ. 2022ರ ಡಿಸೆಂಬರ್‌ನಲ್ಲಿ ಗಡಿ ವಿವಾದ ಕಾವೇರಿದಾಗ ಕೇಂದ್ರ ಗೃಹ ಸಚಿವರು ಎರಡೂ ರಾಜ್ಯಗಳ ಮುಖ್ಯಮಂತ್ರಿಗಳ ಸಭೆ ನಡೆಸಿ, ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳೂ ಉರಿಗೆ ತುಪ್ಪ ಸುರಿದವೆಂದು ಹೇಳಿದ್ದರು. ಇಂಥ ಸಮಯದಲ್ಲಿ ಕಚೇರಿಯ ಸ್ಪಷ್ಟನೆ ಮೊದಲು ತಲುಪಬೇಕಾದುದು ಯಾರಿಗೆ? ವದಂತಿ ನಂಬಿ ಕೂಗಾಡುತ್ತಿರುವವನಿಗೆ. ಅವನನ್ನೇ ಬ್ಲಾಕ್ ಮಾಡಿ ಕುಳಿತರೆ ಸುಳ್ಳು ಅವನ ಬಳಿ ಉಳಿಯುತ್ತದೆ, ಸ್ಪಷ್ಟನೆ ನಮ್ಮ ಬಳಿ ಉಳಿಯುತ್ತದೆ. ಬೆದರಿಕೆ, ದ್ವೇಷಪ್ರಚೋದನೆಗಳಿಗೆ ಕಾನೂನಿದೆ. ಪೊಲೀಸರಿಗೆ ದೂರು ಕೊಡಬೇಕು.

ಇಲ್ಲಿ ಇನ್ನೊಂದು ಆಡಳಿತಾತ್ಮಕ ತೊಡಕಿದೆ. ಅಧಿಕಾರಿ ವರ್ಗವಾಗುತ್ತಾನೆ, ಖಾತೆ ಕಚೇರಿಯಲ್ಲೇ ಉಳಿಯುತ್ತದೆ. ಹೊಸದಾಗಿ ಪ್ರಭಾರ ವಹಿಸಿಕೊಂಡವರಿಗೆ ಹಿಂದಿನವರ ಸಿಟ್ಟಿನ ಪಟ್ಟಿಯೂ ಬಳುವಳಿಯಾಗಿ ಬರುತ್ತದೆ. ಯಾವ ಕಾರಣಕ್ಕೆ ಯಾರನ್ನು ಹೊರಗಿಟ್ಟರೆಂಬುದಕ್ಕೆ ಕಡತದಲ್ಲಿ ಒಂದು ಸಾಲಿನ ಟಿಪ್ಪಣಿಯೂ ಇರುವುದಿಲ್ಲ.

ಇದನ್ನು ಸರಿಪಡಿಸಲು ಹೊಸ ಕಾಯ್ದೆ ಬೇಕಿಲ್ಲ, ಸರ್ಕಾರದ ಒಂದು ಸುತ್ತೋಲೆ ಸಾಕು. ಕಚೇರಿಯ ಖಾತೆಯಿಂದ ಟೀಕಾಕಾರರನ್ನು ಬ್ಲಾಕ್ ಮಾಡಕೂಡದು. ಉಪಟಳ ಮಿತಿಮೀರಿದರೆ ಮ್ಯೂಟ್ ಮಾಡಬಹುದು. ಆದರೆ ಆ ಪಟ್ಟಿಯಲ್ಲಿರುವವರ ದೂರುಗಳನ್ನು ಸಿಬ್ಬಂದಿಯೊಬ್ಬರು ವಾರಕ್ಕೊಮ್ಮೆಯಾದರೂ ಓದಬೇಕು. ಕಾನೂನುಬಾಹಿರ ಬರಹವಿದ್ದರೆ ಆ ಬರಹವನ್ನಷ್ಟೇ ಮರೆಮಾಡಿ ಕಾರಣ ದಾಖಲಿಸಬೇಕು. ಅನಿವಾರ್ಯವಾಗಿ ಬ್ಲಾಕ್ ಮಾಡಿದಲ್ಲಿ ಅದಕ್ಕೆ ಅವಧಿಯಿರಬೇಕು, ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸುವ ಅವಕಾಶವಿರಬೇಕು, ಪ್ರಭಾರ ಹಸ್ತಾಂತರದ ವೇಳೆ ಆ ಪಟ್ಟಿಯ ಮರುಪರಿಶೀಲನೆಯಾಗಬೇಕು.

ಕಣಗಲಾದ ಆ ಪರಿಚಿತರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ ಎಂದು ಸಲಹೆ ನೀಡಿದೆ. ಅವರು ಅರ್ಧ ದಿನದ ಕೆಲಸ ಬಿಟ್ಟು, ಬಸ್ಸು ಹಿಡಿದು ಹೋಗಿ ಅರ್ಜಿ ಕೊಟ್ಟು ಬಂದರು. ಆ ಅರ್ಜಿಗೆ ಸಂಖ್ಯೆ ಬಿದ್ದಿದೆ. ಅದೇ ಮರ್ಯಾದೆ ಅವರ ಮೊಬೈಲಿನ ನಾಲ್ಕು ಸಾಲಿಗೂ ಸಿಕ್ಕಿದ್ದರೆ ಆ ಅರ್ಧ ದಿನ ಉಳಿಯುತ್ತಿತ್ತು.