ಪೌರತ್ವವು ಗೋಲಿಗೆ ಕೊಡುವ ಬಹುಮಾನವಲ್ಲ

ಒಬ್ಬನೇ ಆಟಗಾರನ ಎರಡು ಛಾಯಾಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೊದಲನೆಯದು 2010ರ ಅಕ್ಟೋಬರ್‌ನಲ್ಲಿ ಬರ್ಲಿನ್‌ನಲ್ಲಿ ತೆಗೆದದ್ದು. ಟರ್ಕಿಯನ್ನು 3-0 ಗೋಲುಗಳಿಂದ ಸೋಲಿಸಿದ ಜರ್ಮನ್ ತಂಡದ ವಿಶ್ರಾಂತಿ ಕೊಠಡಿಗೆ ಅಂದಿನ ಚಾನ್ಸಲರ್ ಏಂಜೆಲಾ ಮರ್ಕೆಲ್ ಬಂದಿದ್ದರು. ಅಂಗಿಯನ್ನೂ ತೊಡದೆ ನಿಂತಿದ್ದ ಯುವ ಮಿಡ್‌ಫೀಲ್ಡರ್ ಮೆಸುಟ್ ಓಝಿಲ್‌ರ ಕೈ ಕುಲುಕಿ ಅಭಿನಂದಿಸಿದರು. ಎರಡನೆಯದು 2018ರ ಮೇ ತಿಂಗಳಲ್ಲಿ ಲಂಡನ್‌ನಲ್ಲಿ ತೆಗೆದದ್ದು. ಅದರಲ್ಲಿ ಅದೇ ಓಝಿಲ್ ಟರ್ಕಿಯ ಅಧ್ಯಕ್ಷ ರಜಬ್ ತಯ್ಯಿಬ್ ಉರ್ದುಗಾನ್‌ರಿಗೆ ತನ್ನ ಆರ್ಸೆನಲ್ ತಂಡದ ಜೆರ್ಸಿಯನ್ನು ನೀಡುತ್ತಿದ್ದಾರೆ. ಮೊದಲ ಚಿತ್ರವನ್ನು ಜರ್ಮನಿಯು 'ಐಕ್ಯತೆಯ ಸಂಕೇತ'ವೆಂದು ಕೊಂಡಾಡಿತು. ಎರಡನೆಯದನ್ನು ದ್ರೋಹದ ಸಾಕ್ಷ್ಯವೆಂದು ಸಾರಿತು. ಎರಡರಲ್ಲೂ ಇದ್ದವರು ಅಧಿಕಾರದಲ್ಲಿದ್ದ ರಾಜಕಾರಣಿಗಳೇ. ಎರಡರಲ್ಲೂ ಆಟಗಾರನ ಜನಪ್ರಿಯತೆಯಿಂದ ಲಾಭ ಪಡೆದದ್ದು ರಾಜಕೀಯವೇ. ಹಾಗಾದರೆ ಮೊದಲ ದಿನ ಯಾರಿಗೂ ಕಾಣಿಸದ ರಾಜಕೀಯ ಎರಡನೆಯ ದಿನ ಎಲ್ಲರಿಗೂ ಕಾಣಿಸಿದ್ದು ಹೇಗೆ?

ಈ ಪ್ರಶ್ನೆಯು ಒಬ್ಬ ಕ್ರೀಡಾಪಟುವಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅಲ್ಪಸಂಖ್ಯಾತನಾಗಿ ಹುಟ್ಟಿದವನ ಪೌರತ್ವವು ಅವನ ಹಕ್ಕೇ ಅಥವಾ ಬಹುಸಂಖ್ಯಾತರು ಮೆಚ್ಚಿ ಕೊಡುವ ಬಹುಮಾನವೇ ಎಂಬ ಪ್ರಶ್ನೆ ಅದರ ಹಿಂದಿದೆ. ಬಹುಮಾನವಾದರೆ ಅದನ್ನು ಹಿಂದಕ್ಕೆ ಪಡೆಯಬಹುದು. ಓಝಿಲ್ ವಿಚಾರದಲ್ಲಿ ನಡೆದದ್ದು ಅದುವೇ.

ಅತಿಥಿ ಕಾರ್ಮಿಕನ ಮೊಮ್ಮಗ

1961ರ ಅಕ್ಟೋಬರ್ 30ರಂದು ಪಶ್ಚಿಮ ಜರ್ಮನಿಯು ಟರ್ಕಿಯೊಂದಿಗೆ ಕಾರ್ಮಿಕರ ನೇಮಕಾತಿಯ ಒಪ್ಪಂದ ಮಾಡಿಕೊಂಡಿತು. ಯುದ್ಧದಿಂದ ಜರ್ಜರಿತವಾಗಿ ಮತ್ತೆ ತಲೆಯೆತ್ತುತ್ತಿದ್ದ ದೇಶದ ಗಣಿಗಳಿಗೂ ಕಾರ್ಖಾನೆಗಳಿಗೂ ದುಡಿಯುವ ಕೈಗಳು ಬೇಕಾಗಿದ್ದವು. ಬಂದವರನ್ನು 'ಅತಿಥಿ ಕಾರ್ಮಿಕರು' ಎಂದು ಕರೆಯಲಾಯಿತು. ಅತಿಥಿ ಎಂದರೆ ಒಂದಲ್ಲ ಒಂದು ದಿನ ಹೊರಟುಹೋಗಬೇಕಾದವನು. ಆದರೆ ಅವರು ಹೋಗಲಿಲ್ಲ. ಅಲ್ಲಿಯೇ ಬೆವರು ಸುರಿಸಿದರು, ಸಂಸಾರ ಕಟ್ಟಿದರು, ಮಕ್ಕಳನ್ನು ಬೆಳೆಸಿದರು. ಟರ್ಕಿಯ ಝೊಂಗುಲ್ಡಾಕ್ ಪ್ರಾಂತದಿಂದ ದುಡಿಮೆಯನ್ನರಸಿ ಬಂದ ಅಂತಹ ಕುಟುಂಬವೊಂದರ ಮೂರನೆಯ ತಲೆಮಾರಿನವರು ಓಝಿಲ್. ಹುಟ್ಟಿದ್ದು 1988ರ ಅಕ್ಟೋಬರ್ 15ರಂದು, ಕಲ್ಲಿದ್ದಲು ಗಣಿಗಳಿಗೆ ಹೆಸರಾಗಿದ್ದ ಗೆಲ್ಸೆನ್‌ಕಿರ್ಶನ್ ನಗರದಲ್ಲಿ. ಬಾಲ್ಯದಲ್ಲಿ ಆಡಿದ್ದು ಸುತ್ತಲೂ ಬೇಲಿ ಹಾಕಿದ್ದ ಒಂದು ಸಣ್ಣ ಅಂಗಳದಲ್ಲಿ. ಅದನ್ನು ಅಲ್ಲಿನ ಹುಡುಗರು 'ಮಂಗನ ಪಂಜರ' ಎನ್ನುತ್ತಿದ್ದರು.

ಆ ಪಂಜರದಿಂದ ಹೊರಟ ಹುಡುಗ ರಾಟ್-ವೈಸ್ ಎಸ್ಸೆನ್‌ನ ಕಿರಿಯರ ತಂಡವನ್ನೂ ಶಾಲ್ಕೆ ಕ್ಲಬ್ಬನ್ನೂ ದಾಟಿ 2008ರಲ್ಲಿ ವೆರ್ಡರ್ ಬ್ರೆಮೆನ್ ಸೇರಿದರು. 2009ರ ಜರ್ಮನ್ ಕಪ್ ಫೈನಲ್‌ನ ಏಕೈಕ ಗೋಲು ಅವರದು. ಅದೇ ವರ್ಷ 21ರ ಒಳಹರೆಯದವರ ಯುರೋಪಿಯನ್ ಫೈನಲ್‌ನಲ್ಲಿ ಇಂಗ್ಲೆಂಡನ್ನು 4-0ರಿಂದ ಮಣಿಸಿದ ಜರ್ಮನ್ ತಂಡದಲ್ಲೂ ಅವರು ಮಿಂಚಿದರು. 2010ರಲ್ಲಿ ರಿಯಲ್ ಮ್ಯಾಡ್ರಿಡ್, 2013ರಲ್ಲಿ ಆರ್ಸೆನಲ್. ಸ್ವತಃ ಗೋಲು ಹೊಡೆಯುವುದಕ್ಕಿಂತ ಇತರರಿಗೆ ಗೋಲು ಹೊಡೆಯುವ ಅವಕಾಶ ಸೃಷ್ಟಿಸಿಕೊಡುವುದರಲ್ಲಿ ಅವರು ನಿಪುಣರಾಗಿದ್ದರು. ಜರ್ಮನಿಗಾಗಿ 92 ಪಂದ್ಯಗಳನ್ನಾಡಿ 23 ಗೋಲು ಗಳಿಸಿದರು. 2014ರಲ್ಲಿ ಜರ್ಮನಿಯು ವಿಶ್ವಕಪ್ ಗೆದ್ದಾಗ ಏಳೂ ಪಂದ್ಯಗಳಲ್ಲಿ ಆಡಿದ್ದರು. ಆ ಗೆಲುವಿನ ಬಳಿಕ ಬ್ರೆಝಿಲ್‌ನ 23 ಮಕ್ಕಳ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಭರಿಸಿದರು.

ಜರ್ಮನಿಗಾಗಿ ಆಡಬೇಕೆಂದು ಅವರು 2007ರಲ್ಲಿ ಟರ್ಕಿಯ ಪೌರತ್ವವನ್ನು ತ್ಯಜಿಸಿದ್ದರು. ಎರಡು ದೇಶಗಳ ಪೌರತ್ವವನ್ನು ಒಟ್ಟಿಗೆ ಹೊಂದಲು ಸಾಮಾನ್ಯವಾಗಿ ಎಲ್ಲರಿಗೂ ಅವಕಾಶ ನೀಡುವ ಕಾನೂನು ಜರ್ಮನಿಯಲ್ಲಿ ಜಾರಿಗೆ ಬಂದದ್ದು 2024ರ ಜೂನ್‌ನಲ್ಲಿ. ಅಂದರೆ, ಅಜ್ಜನ ನಾಡಿನ ಪೌರತ್ವವನ್ನು ಬಿಟ್ಟುಕೊಟ್ಟು ಹುಟ್ಟಿದ ನಾಡನ್ನು ಆರಿಸಿಕೊಂಡವರು ಅವರು. 2010ರ ಬರ್ಲಿನ್ ಪಂದ್ಯದಲ್ಲಿ ಟರ್ಕಿಯ ಬೆಂಬಲಿಗರು ಅವರನ್ನು ದ್ರೋಹಿಯೆಂಬಂತೆ ಕಂಡು ಸಿಳ್ಳೆ ಹಾಕಿ ಮೂದಲಿಸಿದರು. ಅವರು ಗೋಲು ಹೊಡೆದರು. ಆದರೆ ಸಂಭ್ರಮಿಸಲಿಲ್ಲ. ಮುಂದಿನ ತಿಂಗಳು ಜರ್ಮನ್ ಮಾಧ್ಯಮ ಸಂಸ್ಥೆಯೊಂದು ನೀಡುವ 'ಬಾಂಬಿ' ಪ್ರಶಸ್ತಿಯು 'ಏಕೀಕರಣ'ದ ಹೆಸರಿನಲ್ಲಿ ಅವರಿಗೆ ಸಂದಿತು. ಹುಟ್ಟಿದ ಊರಿನಲ್ಲಿ ಬದುಕಿದ್ದಕ್ಕೆ ಪ್ರಶಸ್ತಿ! ಅಲ್ಲಿಯೇ ಹುಟ್ಟಿ ಬೆಳೆದವನನ್ನು 'ಏಕೀಕೃತನಾದೆ' ಎಂದು ಸನ್ಮಾನಿಸುವುದರಲ್ಲಿ ಒಂದು ಅವಮಾನವೂ ಅಡಗಿದೆ ಎಂಬುದು ಅಂದು ಯಾರಿಗೂ ಹೊಳೆಯಲಿಲ್ಲ.

ಸೋಲಿಗೊಬ್ಬ ಹೊಣೆಗಾರ ಬೇಕಿತ್ತು

2018ರ ರಷ್ಯಾ ವಿಶ್ವಕಪ್‌ನಲ್ಲಿ ಹಾಲಿ ಚಾಂಪಿಯನ್ ಜರ್ಮನಿಯು ಮೆಕ್ಸಿಕೊಗೂ ದಕ್ಷಿಣ ಕೊರಿಯಕ್ಕೂ ಸೋತು ಗುಂಪು ಹಂತದಲ್ಲೇ ಹೊರಬಿತ್ತು. ಸೋತದ್ದು ಇಡೀ ತಂಡ. ಗೋಲು ಹೊಡೆಯಲಾಗದ ಮುಂಪಡೆ, ದಣಿದ ರಕ್ಷಣಾ ಪಡೆ, ಹಳೆಯ ತಂತ್ರಕ್ಕೆ ಅಂಟಿಕೊಂಡ ತರಬೇತುದಾರ, ಎಲ್ಲರಿಗೂ ಅದರಲ್ಲಿ ಪಾಲಿತ್ತು. ಆದರೆ ಚರ್ಚೆಯ ಕೇಂದ್ರಕ್ಕೆ ಬಂದದ್ದು ಲಂಡನ್‌ನ ಛಾಯಾಚಿತ್ರ. ತಂಡದ ವ್ಯವಸ್ಥಾಪಕ ಒಲಿವರ್ ಬೀರ್‌ಹಾಫ್, ಓಝಿಲ್‌ರನ್ನು ಬಿಟ್ಟು ತಂಡವನ್ನು ಆರಿಸುವ ಬಗ್ಗೆ ಯೋಚಿಸಬೇಕಾಗಿತ್ತು ಎಂಬರ್ಥದ ಮಾತನ್ನಾಡಿದರು. ಫುಟ್ಬಾಲ್ ಸಂಘದ ಅಧ್ಯಕ್ಷ ರೈನ್‌ಹಾರ್ಡ್ ಗ್ರಿಂಡೆಲ್ ಬಹಿರಂಗ ವಿವರಣೆ ಕೇಳಿದರು. ಸ್ವೀಡನ್ ವಿರುದ್ಧ ಗೆದ್ದ ಏಕೈಕ ಪಂದ್ಯದಲ್ಲಿ ಓಝಿಲ್ ಆಡಿರಲಿಲ್ಲ ಎಂಬುದೂ ಟೀಕಾಕಾರರಿಗೆ ಆಯುಧವಾಯಿತು.

2018ರ ಜುಲೈ 22ರಂದು ಓಝಿಲ್ ಮೂರು ಭಾಗಗಳ ಹೇಳಿಕೆ ಹೊರಡಿಸಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು. ಗೆದ್ದಾಗ ತಾನು ಜರ್ಮನ್, ಸೋತಾಗ ವಲಸಿಗ ಎಂಬ ಅದರ ಮಾತು ಜಗತ್ತನ್ನು ಸುತ್ತಿತು. ಪೋಲೆಂಡ್‌ನಲ್ಲಿ ಹುಟ್ಟಿದ ಮಿರೊಸ್ಲಾವ್ ಕ್ಲೋಸೆ ಮತ್ತು ಲೂಕಾಸ್ ಪೊಡೊಲ್‌ಸ್ಕಿಯವರನ್ನು ಯಾರೂ 'ಪೋಲಿಷ್-ಜರ್ಮನ್' ಎನ್ನುವುದಿಲ್ಲ, ಜರ್ಮನಿಯಲ್ಲೇ ಹುಟ್ಟಿದ ನಾನು ಮಾತ್ರ 'ಟರ್ಕಿಶ್-ಜರ್ಮನ್' ಆಗುವುದೇಕೆ ಎಂದು ಅವರು ಕೇಳಿದರು. ತಾವು ಕಲಿತ ಶಾಲೆಯೇ ಮಕ್ಕಳ ಕಾರ್ಯಕ್ರಮವೊಂದರಿಂದ ತಮ್ಮನ್ನು ದೂರವಿಟ್ಟಿತೆಂದು ನೊಂದು ಬರೆದರು. ಈ ಪ್ರಶ್ನೆಗಳಿಗೆ ಇಂದಿಗೂ ನೇರ ಉತ್ತರ ಬಂದಿಲ್ಲ.

ಬಂದದ್ದು ಬೈಗುಳ. ಬಯರ್ನ್ ಮ್ಯೂನಿಕ್‌ನ ಅಂದಿನ ಅಧ್ಯಕ್ಷ ಉಲಿ ಹೋನೆಸ್, ಓಝಿಲ್ ವರ್ಷಗಳಿಂದಲೂ ಕೊಳಕು ಆಟವಾಡುತ್ತಿದ್ದರೆಂದು ಜರೆದರು. ಇದೇ ಹೋನೆಸ್ 2014ರಲ್ಲಿ ತೆರಿಗೆ ವಂಚನೆಗಾಗಿ ಮೂರೂವರೆ ವರ್ಷಗಳ ಸೆರೆವಾಸದ ಶಿಕ್ಷೆಗೊಳಗಾಗಿದ್ದರು. ಬಿಡುಗಡೆಯಾದ ವರ್ಷವೇ, 2016ರಲ್ಲಿ, ಕ್ಲಬ್ಬಿನ ಅಧ್ಯಕ್ಷ ಪೀಠಕ್ಕೆ ಮರಳಿದರು. ದೇಶದ ಬೊಕ್ಕಸಕ್ಕೆ ಕೋಟಿಗಟ್ಟಲೆ ವಂಚಿಸಿದವರ ದೇಶನಿಷ್ಠೆಯನ್ನು ಯಾರೂ ಪ್ರಶ್ನಿಸಲಿಲ್ಲ. ಗ್ರಿಂಡೆಲ್‌ರು 2019ರ ಏಪ್ರಿಲ್‌ನಲ್ಲಿ ಉಕ್ರೇನಿನ ಶ್ರೀಮಂತರೊಬ್ಬರಿಂದ ದುಬಾರಿ ಕೈಗಡಿಯಾರ ಪಡೆದ ವಿವಾದದಲ್ಲಿ ಹುದ್ದೆ ತೊರೆದರು. ಅವರ ಜರ್ಮನ್‌ತನಕ್ಕೂ ಕುಂದು ಬರಲಿಲ್ಲ. ತಪ್ಪು ಮಾಡಿದ ಬಿಳಿಯನು ಕೇವಲ ತಪ್ಪಿತಸ್ಥ. ತಪ್ಪು ಮಾಡಿದ ವಲಸಿಗನ ಮಗ ಮಾತ್ರ ಪರದೇಶಿ!

ವಿರೋಧಿಗಳ ವಾದಗಳು

ಓಝಿಲ್‌ರ ಟೀಕಾಕಾರರ ಎಲ್ಲ ಮಾತುಗಳನ್ನೂ ದ್ವೇಷವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರ ಪ್ರಬಲ ವಾದ ಇದು: 2016ರ ವಿಫಲ ಸೇನಾದಂಗೆಯ ಬಳಿಕ ಉರ್ದುಗಾನ್ ಸರಕಾರ ಪತ್ರಕರ್ತರನ್ನು ಸೆರೆಗೆ ತಳ್ಳಿತು, ಸಾವಿರಾರು ನೌಕರರನ್ನು ವಜಾ ಮಾಡಿತು. ಟರ್ಕಿಯ ಚುನಾವಣೆಗೆ ಕೆಲವೇ ವಾರಗಳಿದ್ದಾಗ ಅಂತಹ ಆಡಳಿತಗಾರನ ಜೊತೆ ಚಿತ್ರ ತೆಗೆಸಿಕೊಂಡದ್ದು ಪ್ರಚಾರಕ್ಕೆ ನೆರವಾಯಿತು. ಇದು ಸರಿಯಾದ ಟೀಕೆ. ಅಜ್ಜನ ನಾಡಿನ ಹುದ್ದೆಗೆ ಗೌರವ ಸಲ್ಲಿಸಿದೆ, ರಾಜಕೀಯವಿರಲಿಲ್ಲ ಎಂಬ ಓಝಿಲ್‌ರ ಸಮಜಾಯಿಷಿ ದುರ್ಬಲವಾಗಿತ್ತು. ಆದರೆ ಈ ಟೀಕೆಯಿಂದ ಹುಟ್ಟಬೇಕಾದ ತೀರ್ಮಾನವು 'ಓಝಿಲ್ ತಪ್ಪು ಮಾಡಿದರು' ಎಂಬುದೇ ಹೊರತು 'ಓಝಿಲ್ ಜರ್ಮನ್ ಅಲ್ಲ' ಎಂಬುದಲ್ಲ. ಜರ್ಮನಿಯ ಮಾಜಿ ನಾಯಕ ಲೋಥರ್ ಮಥಾಯಸ್ ಅದೇ ವಿಶ್ವಕಪ್ ವೇಳೆ ಕ್ರೆಮ್ಲಿನ್‌ನಲ್ಲಿ ವ್ಲಾದಿಮಿರ್ ಪುಟಿನ್‌ರನ್ನು ಭೇಟಿಯಾದರು. ಟೀಕೆಯ ಮಾನದಂಡ ಪ್ರಜಾಪ್ರಭುತ್ವವೇ ಆಗಿದ್ದರೆ ಆ ಕೈಕುಲುಕಿಗೂ ಅಷ್ಟೇ ಗದ್ದಲವಾಗಬೇಕಿತ್ತಲ್ಲವೇ?

ಎರಡನೆಯ ವಾದ ರಾಷ್ಟ್ರಗೀತೆಯದು. ಓಝಿಲ್ ಅದನ್ನು ಹಾಡುವುದಿಲ್ಲ ಎಂಬ ದೂರು ವರ್ಷಗಳ ಕಾಲ ನಡೆಯಿತು. ಆ ಕ್ಷಣಗಳಲ್ಲಿ ತಾನು ಮನಸ್ಸಿನಲ್ಲಿ ಪ್ರಾರ್ಥಿಸುತ್ತೇನೆ ಎಂದು ಅವರು ತಿಳಿಸಿದ್ದರು. 1974ರಲ್ಲಿ ವಿಶ್ವಕಪ್ ಗೆದ್ದ ಪಶ್ಚಿಮ ಜರ್ಮನಿಯ ಆಟಗಾರರಲ್ಲೂ ಹಲವರು ತುಟಿ ಬಿಚ್ಚಿರಲಿಲ್ಲ. ಅವರ ಮೌನವನ್ನು ಯಾರೂ ಅಳೆಯಲಿಲ್ಲ. 2016ರಲ್ಲಿ ಓಝಿಲ್ ಮಕ್ಕಾದಿಂದ ಕಅಬಾದ ಎದುರಿನ ತನ್ನ ಚಿತ್ರ ಹಂಚಿಕೊಂಡಾಗಲೂ ಬಲಪಂಥೀಯ ಎಎಫ್‌ಡಿ ಪಕ್ಷದವರು ಆಕ್ಷೇಪಿಸಿದರು. ಆ ಚಿತ್ರದಲ್ಲಿ ಉರ್ದುಗಾನ್ ಇರಲಿಲ್ಲ, ಇದ್ದದ್ದು ಒಬ್ಬ ಯಾತ್ರಿಕ ಮಾತ್ರ. ಆದ್ದರಿಂದ ಸಿಟ್ಟೆಲ್ಲವೂ 2018ರ ಒಂದು ಚಿತ್ರದಿಂದ ಹುಟ್ಟಿತೆಂಬ ಮಾತನ್ನು ನಂಬಲಾಗದು.

ಮೂರನೆಯ ವಾದ ಜಾಣತನದ್ದು. ಅದೇ ಭೇಟಿಯಲ್ಲಿ ಚಿತ್ರ ತೆಗೆಸಿಕೊಂಡ ಇಲ್ಕಾಯ್ ಗುಂಡೊಗಾನ್ 2024ರ ಯುರೋ ಕಪ್‌ನಲ್ಲಿ ಜರ್ಮನಿಯ ನಾಯಕರಾದರು, ಹಾಗಿರುವಾಗ ಜನಾಂಗೀಯತೆ ಎಲ್ಲಿದೆ ಎಂದು ಕೇಳುತ್ತಾರೆ. ಗುಂಡೊಗಾನ್‌ರ ಏರಿಕೆ ಸಂತಸದ ವಿಚಾರವೇ. ಆದರೆ ಅವರೂ 2018ರ ಜೂನ್‌ನಲ್ಲಿ ಸೌದಿ ಅರೇಬಿಯದ ವಿರುದ್ಧದ ಪಂದ್ಯದಲ್ಲಿ ತಮ್ಮದೇ ಪ್ರೇಕ್ಷಕರ ಸಿಳ್ಳೆಯ ಅವಮಾನ ಸಹಿಸಿದವರು. ಅವರು ಬೇಗನೆ ವಿವರಣೆ ನೀಡಿದರು, ಓಝಿಲ್ ಮೌನವಿದ್ದು ಬಳಿಕ ಎದುರು ಮಾತನಾಡಿದರು. ತಲೆಬಾಗಿದವನಿಗೆ ಕ್ಷಮೆ, ತಲೆಯೆತ್ತಿದವನಿಗೆ ಬಹಿಷ್ಕಾರ ಎಂಬುದು ಸಮಾನತೆಯ ಲಕ್ಷಣವಲ್ಲ. 2021ರ ಯುರೋ ಫೈನಲ್‌ನಲ್ಲಿ ಪೆನಾಲ್ಟಿ ತಪ್ಪಿಸಿಕೊಂಡ ಮೂವರು ಕಪ್ಪು ಆಟಗಾರರು ನಿಂದನೆಗೆ ಗುರಿಯಾದಾಗ ಇಂಗ್ಲೆಂಡ್‌ನ ಫುಟ್ಬಾಲ್ ಸಂಘವೂ ತರಬೇತುದಾರ ಗ್ಯಾರೆತ್ ಸೌತ್‌ಗೇಟ್‌ರೂ ತಡಮಾಡದೆ ಅವರ ಪರ ನಿಂತರು. ಜರ್ಮನ್ ಸಂಘ 2018ರಲ್ಲಿ ಮಾಡಬೇಕಿದ್ದುದು ಇಷ್ಟೇ. ನಿಂದನೆಯ ವಿರುದ್ಧ ಇನ್ನಷ್ಟು ಸ್ಪಷ್ಟವಾಗಿ ಮಾತನಾಡಬೇಕಿತ್ತೆಂದು ಗ್ರಿಂಡೆಲ್ ಒಪ್ಪಿದರು. ಆದರೆ ಅಷ್ಟರಲ್ಲಿ ಆಟಗಾರ ಹೋಗಿಯಾಗಿತ್ತು.

ಮುಸ್ಲಿಮ್ ಜಗತ್ತಿನ ಮೌನ

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 2019ರ ಡಿಸೆಂಬರ್‌ನಲ್ಲಿ ಓಝಿಲ್, ಚೀನಾದ ಉಯ್ಘುರ್ ಮುಸ್ಲಿಮರ ಮೇಲಿನ ದಬ್ಬಾಳಿಕೆಯನ್ನು ಖಂಡಿಸಿ ಬರೆದರು. ಮುಸ್ಲಿಮ್ ಜಗತ್ತು ಮೌನವಾಗಿದೆ ಎಂದೂ ಚುಚ್ಚಿದರು. ಮರುದಿನವೇ ಆರ್ಸೆನಲ್ ಕ್ಲಬ್, ಅದು ಆಟಗಾರನ ವೈಯಕ್ತಿಕ ಅಭಿಪ್ರಾಯ, ತಾನು ರಾಜಕೀಯದಿಂದ ದೂರ ಎಂದು ಜಾರಿಕೊಂಡಿತು. ಚೀನಾದ ಸರಕಾರಿ ಟಿವಿಯು ಆರ್ಸೆನಲ್ ಪಂದ್ಯದ ಪ್ರಸಾರ ರದ್ದುಗೊಳಿಸಿತು. ಚೀನಾದ ವಿಡಿಯೋ ಆಟಗಳಿಂದ ಓಝಿಲ್‌ರ ಹೆಸರನ್ನೇ ಅಳಿಸಲಾಯಿತು. ಆರೇ ತಿಂಗಳ ಬಳಿಕ, 2020ರ ಜೂನ್‌ನಲ್ಲಿ, ಅದೇ ಆರ್ಸೆನಲ್‌ನ ಆಟಗಾರರು ಇಡೀ ಲೀಗ್‌ನ ಜೊತೆಗೆ ಜನಾಂಗೀಯತೆಯ ವಿರುದ್ಧ ಮಂಡಿಯೂರಿದರು. ಅದು ಶ್ಲಾಘನೀಯ. ಆದರೆ ಮಾರುಕಟ್ಟೆಗೆ ನಷ್ಟವಾಗದಿದ್ದಾಗ ಮಾತ್ರ ಎಚ್ಚರಗೊಳ್ಳುವ ಅಂತಃಸಾಕ್ಷಿಯನ್ನು ಏನೆಂದು ಕರೆಯಬೇಕು?

ಮುಸ್ಲಿಮ್ ರಾಷ್ಟ್ರಗಳ ನಡೆಯೋ ಇನ್ನೂ ನಾಚಿಕೆಗೇಡಿನದು. 2019ರ ಜುಲೈನಲ್ಲಿ ಚೀನಾದ ನೀತಿಯನ್ನು ಸಮರ್ಥಿಸಿ ವಿಶ್ವಸಂಸ್ಥೆಗೆ ಬರೆದ ಪತ್ರಕ್ಕೆ ಸಹಿ ಹಾಕಿದವುಗಳಲ್ಲಿ ಸೌದಿ ಅರೇಬಿಯ ಮತ್ತು ಪಾಕಿಸ್ತಾನಗಳೂ ಇದ್ದವು. ವ್ಯಾಪಾರದ ಲೆಕ್ಕ ಬಂದಾಗ ಆರ್ಸೆನಲ್‌ಗೂ ಇವುಗಳಿಗೂ ಇರುವ ವ್ಯತ್ಯಾಸವೇನು?

ಇನ್ನು ಓಝಿಲ್‌ರನ್ನೇ ಆರಾಧಿಸುವ ನಮ್ಮ ಯುವಕರಿಗೂ ಒಂದು ಮಾತು. 2019ರಲ್ಲಿ ಅವರ ಮದುವೆಗೆ ಉರ್ದುಗಾನ್ ಸಾಕ್ಷಿಯಾದರು. 2021ರಲ್ಲಿ ಅವರು ಫೆನೆರ್ಬಾಚೆ ಸೇರಿ, 2023ರ ಮಾರ್ಚ್‌ನಲ್ಲಿ ಆಟದಿಂದ ನಿವೃತ್ತರಾದರು. ಅದೇ ವರ್ಷ ಬಹಿರಂಗವಾದ ಚಿತ್ರವೊಂದರಲ್ಲಿ ಅವರ ಎದೆಯ ಮೇಲೆ ತೋಳ ಮತ್ತು ಮೂರು ಅರ್ಧಚಂದ್ರಗಳ ಹಚ್ಚೆ ಕಾಣಿಸಿತು. ಅವು ಕುರ್ದರನ್ನೂ ಇತರ ಅಲ್ಪಸಂಖ್ಯಾತರನ್ನೂ ಹಗೆಯಿಂದ ಕಾಣುವ ಟರ್ಕಿಯ ಉಗ್ರ ರಾಷ್ಟ್ರವಾದಿಗಳ ಸಂಕೇತಗಳು. 2025ರ ಫೆಬ್ರವರಿಯಲ್ಲಿ ಅವರು ಉರ್ದುಗಾನ್‌ರ ಆಡಳಿತ ಪಕ್ಷದ ಕೇಂದ್ರ ಸಮಿತಿಗೆ ಆಯ್ಕೆಯಾದರು. ಜರ್ಮನಿಯಲ್ಲಿ ಅಲ್ಪಸಂಖ್ಯಾತನಾಗಿ ನೊಂದವನು ಟರ್ಕಿಯಲ್ಲಿ ಅಲ್ಪಸಂಖ್ಯಾತರ ನೋವನ್ನು ಮರೆತರೆ ಅದನ್ನು ಮುಚ್ಚಿಡಬೇಕಾದ ಅಗತ್ಯ ನಮಗಿಲ್ಲ. ನಮ್ಮವರ ವಿರುದ್ಧವಾದರೂ ಸರಿ, ನ್ಯಾಯದ ಪರ ನಿಲ್ಲಬೇಕೆಂಬುದು ಕುರ್‌ಆನ್‌ನ ಸ್ಪಷ್ಟ ಆದೇಶ.

'ನೋಡಿ, ನಾವು ಅಂದೇ ಹೇಳಿರಲಿಲ್ಲವೇ?' ಎಂದು ಜರ್ಮನಿಯ ಟೀಕಾಕಾರರು ಈಗ ಕೇಳುತ್ತಾರೆ. ಇಲ್ಲ, ನೀವು ಹೇಳಿದ್ದು ಸಾಬೀತಾಗಿಲ್ಲ. 29ರ ಹರೆಯದ ತನ್ನ ಪ್ರಜೆಯನ್ನು ಪರದೇಶಿಯೆಂದು ಹೊರಗಟ್ಟಿ, ಅವನು ಬೇರೆ ಬಾಗಿಲಿಗೆ ಹೋದಾಗ ಅದನ್ನೇ ಪುರಾವೆಯೆನ್ನುವುದು ಯಾವ ನ್ಯಾಯ? ಓಝಿಲ್‌ರ ಇಂದಿನ ಆಯ್ಕೆಗಳಿಗೆ ಅವರೇ ಹೊಣೆ. ಆದರೆ 2018ರ ಅನ್ಯಾಯಕ್ಕೆ ಹೊಣೆ ಅದನ್ನು ಮಾಡಿದವರೇ. ಅನ್ಯಾಯಕ್ಕೊಳಗಾದವನು ಸಂತನಾಗಿದ್ದರೆ ಮಾತ್ರ ಅವನ ಪರ ಮಾತನಾಡುತ್ತೇವೆ ಎನ್ನುವವರು ನ್ಯಾಯದ ಪರ ಇರುವವರಲ್ಲ.

ವಿಶ್ವಕಪ್ ಗೆಲ್ಲುವ ಓಝಿಲ್‌ಗಳು ಕೋಟಿಗೊಬ್ಬರು. ಗೆಲ್ಸೆನ್‌ಕಿರ್ಶನ್‌ನ ಬೀದಿಗಳಲ್ಲಿ ಯಾವ ಕಪ್ಪನ್ನೂ ಗೆಲ್ಲದ, ಯಾವ ಪ್ರಶಸ್ತಿಯನ್ನೂ ಪಡೆಯದ, ಬೇಕರಿಯಲ್ಲೂ ಬಸ್ಸಿನಲ್ಲೂ ದುಡಿದು ತೆರಿಗೆ ಕಟ್ಟುವ ಸಾವಿರಾರು ಅತಿಥಿ ಕಾರ್ಮಿಕರ ಮೊಮ್ಮಕ್ಕಳಿದ್ದಾರೆ. 92 ಪಂದ್ಯಗಳನ್ನಾಡಿದವನಿಗೇ ಉಳಿಯದ ಪೌರತ್ವದ ಗೌರವ ಅವರಿಗೆ ಉಳಿಯುವ ಭರವಸೆ ಎಲ್ಲಿದೆ? ಅವರು ಏನನ್ನೂ ಗೆಲ್ಲದೆ, ಯಾರನ್ನೂ ಮೆಚ್ಚಿಸದೆ, ಆಗಾಗ ತಪ್ಪುಗಳನ್ನೂ ಮಾಡುತ್ತಾ ಆ ನಾಡಿನ ಪೂರ್ಣ ಪ್ರಜೆಗಳಾಗಿ ಬಾಳಬಲ್ಲ ದಿನ ಬಂದಾಗ ಮಾತ್ರ ಜರ್ಮನಿಯು ಏಕೀಕರಣದ ಬಗ್ಗೆ ಮಾತನಾಡುವ ಅರ್ಹತೆ ಪಡೆಯುತ್ತದೆ. ಅಲ್ಲಿಯವರೆಗೆ ಅದು ಕೊಟ್ಟ ಪ್ರಶಸ್ತಿಗಳೆಲ್ಲವೂ ಹಿಂದಕ್ಕೆ ಕೇಳಬಹುದಾದ ಸಾಲಗಳೇ.